ಮನೆ ಬೆಲೆಗಿಂತ ಸಾಲ ಜಾಸ್ತಿ, ಕೆಲಸದ ಜೊತೆ ಇನ್ಶೂರೆನ್ಸೂ ಹೋಯಿತು. ಯಾವುದನ್ನು ಮೊದಲು ಹಿಡಿಯಲಿ?

ಹೊಂಗೆನೆರಳು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾವು ಟೆಕ್ಸಾಸ್‌ನ ಆಸ್ಟಿನ್ ಪಕ್ಕ ಲಿಯಾಂಡರ್‌ನಲ್ಲಿದ್ದೇವೆ. ನಾನು, ಯಜಮಾನರು, ಇಬ್ಬರು ಮಕ್ಕಳು. ಗ್ರೀನ್ ಕಾರ್ಡ್ ಬಂದಿದೆ, ಹಾಗಾಗಿ ವೀಸಾ ಚಿಂತೆ ಇಲ್ಲ. ಜನವರಿ 31ಕ್ಕೆ ಅವರ ಕೆಲಸ ಹೋಯಿತು, ಅದೇ ದಿನ ಇಡೀ ಮನೆಯ ಹೆಲ್ತ್ ಇನ್ಶೂರೆನ್ಸೂ ಹೋಯಿತು. ನಾನು ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ, ವರ್ಷಕ್ಕೆ 58,000 ಡಾಲರ್, ಅಲ್ಲಿ ಇನ್ಶೂರೆನ್ಸ್ ಇಲ್ಲ. ಕೋಬ್ರಾ ಕಾಗದ ಬಂದಿದೆ, ಅಂದರೆ ಹಳೇ ಕಂಪನಿಯ ಇನ್ಶೂರೆನ್ಸನ್ನೇ ಪೂರ್ತಿ ಪ್ರೀಮಿಯಂ ನಾವೇ ಕಟ್ಟಿ ಮುಂದುವರಿಸುವುದು, ತಿಂಗಳಿಗೆ 2,350. ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಇನ್ಶೂರೆನ್ಸ್ ಕೊಳ್ಳುವ ಸರ್ಕಾರಿ ತಾಣದಲ್ಲಿ, ನಮ್ಮ ಆದಾಯ ಹಾಕಿ ನೋಡಿದರೆ ಸಬ್ಸಿಡಿ ಸೊನ್ನೆ ಅಂತ ತೋರಿಸುತ್ತದೆ, ಪ್ಲಾನ್ ತಿಂಗಳಿಗೆ 1,900. ದೊಡ್ಡ ಮಗಳಿಗೆ ಆಸ್ತಮಾ ಇದೆ, ಇನ್‌ಹೇಲರ್ ಒಂದು ದಿನವೂ ತಪ್ಪುವ ಹಾಗಿಲ್ಲ.

ಇನ್ನು ಮನೆ. 2022ರ ಮೇ ತಿಂಗಳಲ್ಲಿ 4,60,000ಕ್ಕೆ ತೆಗೆದುಕೊಂಡೆವು. ಎಫ್‌ಎಚ್‌ಎ ಸಾಲ (ಸರ್ಕಾರದ ಖಾತರಿ ಇರುವ ಸಾಲ), ಕೈಯಿಂದ ಹಾಕಿದ್ದು 3.5% ಮಾತ್ರ, ಬಡ್ಡಿ 5.25. ಬೆಲೆ ತುತ್ತತುದಿಯಲ್ಲಿದ್ದಾಗ ಕೊಂಡೆವು ಅಂತ ಈಗ ಗೊತ್ತಾಗುತ್ತಿದೆ. ಸಾಲ ಇನ್ನೂ 4,26,600 ಇದೆ. ನಮ್ಮದೇ ಬೀದಿಯಲ್ಲಿ ಇಂಥದ್ದೇ ಮನೆ ಹೋದ ತಿಂಗಳು 3,65,000ಕ್ಕೆ ಹೋಯಿತು. ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿ ಕಂತು 3,700 ಹತ್ತಿರ ಬರುತ್ತದೆ.

ಯಜಮಾನರಿಗೆ ಮಾರ್ಚ್‌ನಿಂದ ಒಂದು ಕಾಂಟ್ರಾಕ್ಟ್ ಕೆಲಸ ಸಿಗುವ ಹಾಗಿದೆ, 1099 ಮೇಲೆ, ಅಂದರೆ ನೌಕರಿ ಅಲ್ಲ, ಸ್ವಂತ ದುಡಿಮೆ ಲೆಕ್ಕ, ವರ್ಷದ ಕೊನೆ ತನಕ 63,000. ಜನವರಿ ಸಂಬಳ ಮತ್ತು ಸೆವರೆನ್ಸ್ (ಕೆಲಸದಿಂದ ತೆಗೆದಾಗ ಕೊಡುವ ದುಡ್ಡು) ಸೇರಿ 26,000 ಬಂತು. ಅವರ 401ಕೆ ನಿವೃತ್ತಿ ಖಾತೆಯಲ್ಲಿ 1,10,000 ಇದೆ. ನನ್ನ ತಮ್ಮ ಹೇಳುವುದೇನೆಂದರೆ ಅದನ್ನು ತೆಗೆದು ಮನೆಯ ಕೊರತೆ ತುಂಬಿಸಿ, ಮಾರಿ, ಬಾಡಿಗೆಗೆ ಹೋಗಿ ಅಂತ. ಊರಿಂದ ಅಮ್ಮ ಫೋನ್ ಮಾಡಿ ಇನ್ಶೂರೆನ್ಸ್ ಆರು ತಿಂಗಳು ಬಿಡಿ, ಮನೆ ಮಾತ್ರ ಬಿಡಬೇಡಿ ಅನ್ನುತ್ತಾರೆ. ಎರಡನ್ನೂ ಹಿಡಿದುಕೊಳ್ಳುವಷ್ಟು ಕೈ ಉದ್ದ ಇಲ್ಲ. ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?

ಮರಳುಗಾಡು2006:

ಅಮ್ಮನ ಮಾತು ಕೇಳಬೇಡಿ. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ, ಯಾಕೆಂದರೆ ನಾನು ಸರಿಯಾಗಿ ಅದನ್ನೇ ಮಾಡಿದವನು.

2006ರಲ್ಲಿ ಫೀನಿಕ್ಸ್ ಪಕ್ಕ ಚಾಂಡ್ಲರ್‌ನಲ್ಲಿ ಮನೆ ಕೊಂಡೆ. 2008ರ ಆಗಸ್ಟ್‌ನಲ್ಲಿ ಕೆಲಸ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಸರ್ಕಾರ ಕೋಬ್ರಾ ಪ್ರೀಮಿಯಂನ 65% ತಾನೇ ಕೊಡುವ ಕಾನೂನು ತಂದಿತು, ಆದರೆ ಸೆಪ್ಟೆಂಬರ್ 1ರ ನಂತರ ಕೆಲಸ ಕಳೆದುಕೊಂಡವರಿಗೆ ಮಾತ್ರ. ಕೆಲವೇ ದಿನಗಳಲ್ಲಿ ನನಗೆ ತಪ್ಪಿತು. ಮನೆ ಕಂತು ತಪ್ಪಬಾರದು ಅಂತ ಹಠ ಹಿಡಿದು ಇನ್ಶೂರೆನ್ಸ್ ಬಿಟ್ಟೆ. ಐದನೇ ತಿಂಗಳಿಗೆ ಹೆಂಡತಿಗೆ ಪಿತ್ತಕೋಶದ ಆಪರೇಷನ್. ಬಿಲ್ 38,000 ಡಾಲರ್. ಅದನ್ನು ಕಂತಿನಲ್ಲಿ ತೀರಿಸಲು ನಾಲ್ಕು ವರ್ಷ ಹಿಡಿಯಿತು, ಮನೆ ಕಂತಿಗಿಂತ ಆ ಕಾಗದ ಬಂದಾಗಲೇ ನನಗೆ ಕೈ ನಡುಗುತ್ತಿತ್ತು.

ಮನೆ ಕತೆ ಬೇರೆ. 2011ರ ಹೊತ್ತಿಗೆ ಫೀನಿಕ್ಸ್‌ನಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಎಡಗಡೆ ಮನೆಯವರು ಕೀಲಿ ಕೊಟ್ಟು ಹೋದರು, ಎದುರು ಮನೆಯವರೂ ಹೋದರು. ನಾವು ಇದ್ದೆವು. ಬೆಲೆ ಕಾಗದದ ಮೇಲೆ ಬಿತ್ತು, ಆದರೆ ಸೂರು ಸೋರಲಿಲ್ಲ, ಬ್ಯಾಂಕಿನವರು ಬೆಲೆ ಬಿತ್ತು ಅಂತ ಒಂದು ರೂಪಾಯಿ ಜಾಸ್ತಿ ಕೇಳಲೂ ಇಲ್ಲ. ಮಾರುವ ಅನಿವಾರ್ಯ ಬಂದರೆ ಮಾತ್ರ ಆ ನಷ್ಟ ನಿಮ್ಮ ಜೇಬಿಗೆ ಬರುತ್ತದೆ. 2012ರಲ್ಲಿ ಹಾರ್ಪ್ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಡ್ಡಿ ಇಳಿಸಿಕೊಂಡೆ, 2020ರ ಹೊತ್ತಿಗೆ ಬೆಲೆ ಸಾಲವನ್ನು ಆರಾಮಾಗಿ ದಾಟಿತ್ತು. ನಿಮಗೂ ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ನನಗೆ 14 ವರ್ಷ ಬೇಕಾಯಿತು.

ಆದರೆ ಆಸ್ತಮಾ ಇರುವ ಮಗು ಕಾಯುವುದಿಲ್ಲ, ಅಲ್ವಾ? ಮೊದಲು ಇನ್ಶೂರೆನ್ಸ್.

ಲೆಕ್ಕದಪುಸ್ತಕ:

ಮೇಲಿನವರ ಮಾತು ಸರಿ. ನಾನು ವೃತ್ತಿಯಿಂದ ಟ್ಯಾಕ್ಸ್ ಫೈಲ್ ಮಾಡಿಕೊಡುವವಳು, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮಗೆ ಸೊನ್ನೆ ತೋರಿಸಿದ್ದು ಪೂರ್ತಿ ಆದಾಯ ಹಾಕಿದ್ದಕ್ಕೆ.

2021ರಿಂದ 2025ರ ತನಕ ಒಂದು ಹೆಚ್ಚುವರಿ ಸಬ್ಸಿಡಿ ಇತ್ತು, ಎಷ್ಟೇ ದುಡಿದರೂ ಪ್ರೀಮಿಯಂ ಆದಾಯದ 8.5% ದಾಟುತ್ತಿರಲಿಲ್ಲ. ಅದು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಹಳೇ ಕಡಿದಾದ ಅಂಚು ವಾಪಸ್ ಬಂದಿದೆ: ಬಡತನ ರೇಖೆಯ 400% ದಾಟಿದರೆ ಸಬ್ಸಿಡಿ ಪೂರ್ತಿ ಹೋಗುತ್ತದೆ, ಸ್ವಲ್ಪ ಸ್ವಲ್ಪ ಅಲ್ಲ. ನಾಲ್ಕು ಜನರ ಮನೆಗೆ ಈ ವರ್ಷ, 2026ಕ್ಕೆ, ಆ ಅಂಚು 1,28,600 ಡಾಲರ್. ಅದರ ಒಂದು ಡಾಲರ್ ಆಚೆ ಇದ್ದರೂ ಪೂರ್ತಿ ಬೆಲೆ. ಪ್ಲಾನ್‌ಗಳಿಗೆ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ದರ್ಜೆಗಳಿವೆ; ಒಳಗಿದ್ದರೆ, ಸಬ್ಸಿಡಿಗೆ ಅಳತೆಗೋಲಾದ ಬೆಂಚ್‌ಮಾರ್ಕ್ ಸಿಲ್ವರ್ ಪ್ಲಾನ್‌ಗೆ ನೀವು ಕೊಡಬೇಕಾದ್ದು ಆದಾಯದ 9.96%.

ನಿಮ್ಮ ಲೆಕ್ಕ: 58,000, 63,000, 26,000. ಒಟ್ಟು 1,47,000. ಆದರೆ ಅವರು ನೋಡುವುದು ಕಳೆಯಬೇಕಾದ್ದೆಲ್ಲ ಕಳೆದ ಮೇಲಿನ ಆದಾಯ. 1099 ದುಡಿಮೆಗೆ ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸ್‌ನ ಅರ್ಧ, ಸುಮಾರು 4,450, ತಾನಾಗಿ ಕಳೆಯುತ್ತದೆ. ಈ ವರ್ಷದಿಂದ ಮಾರ್ಕೆಟ್‌ಪ್ಲೇಸ್‌ನ ಎಲ್ಲ ಬ್ರಾಂಜ್ ಪ್ಲಾನ್‌ಗಳಿಗೂ ಎಚ್‌ಎಸ್‌ಎ, ಅಂದರೆ ಟ್ಯಾಕ್ಸ್ ಇಲ್ಲದೆ ಆಸ್ಪತ್ರೆ-ಔಷಧದ ಖರ್ಚಿಗೆ ದುಡ್ಡು ಎತ್ತಿಡುವ ಖಾತೆ, ತೆರೆಯಬಹುದು, ಕುಟುಂಬಕ್ಕೆ 8,750ರ ತನಕ. ವರ್ಷದ ಮಧ್ಯ ಸೇರಿದರೂ ಡಿಸೆಂಬರ್ 1ಕ್ಕೆ ಅಂಥ ಪ್ಲಾನ್‌ನಲ್ಲಿದ್ದು ಮುಂದಿನ ವರ್ಷ ಪೂರ್ತಿ ಉಳಿದರೆ ಅಷ್ಟೂ ಹಾಕಬಹುದು. ಎರಡೂ ಕಳೆದರೆ 1,33,800. ಇನ್ನು 5,200 ಇಳಿದರೆ ಸಾಕು. ಯಜಮಾನರು ಸೋಲೋ 401ಕೆ, ಅಂದರೆ ಸ್ವಂತ ದುಡಿಮೆಯವರ ನಿವೃತ್ತಿ ಖಾತೆ, ತೆರೆದು, ರಾತ್ ಅಲ್ಲ (ಅದಕ್ಕೆ ಹಾಕಿದ್ದು ಆದಾಯದಿಂದ ಕಳೆಯುವುದಿಲ್ಲ), ಟ್ರೆಡಿಷನಲ್, ಅದರಲ್ಲಿ 7,000 ಹಾಕಲಿ. ಆಗ 1,26,800. ಸಿಲ್ವರ್ ಬೆಂಚ್‌ಮಾರ್ಕ್‌ಗೆ ತಿಂಗಳಿಗೆ 1,050 ಹತ್ತಿರ, ಬ್ರಾಂಜ್ ಅದಕ್ಕಿಂತ ಕಮ್ಮಿ. 1,900 ಎಲ್ಲಿ, ಇದೆಲ್ಲಿ? ಹಾಕಿದ ದುಡ್ಡು ನಿಮ್ಮದಾಗಿಯೇ ಉಳಿಯುತ್ತದೆ, ಎಚ್‌ಎಸ್‌ಎ ದುಡ್ಡಿನಲ್ಲೇ ಇನ್‌ಹೇಲರ್ ತರಬಹುದು.

ಅಂಚಿಗೆ ತೀರಾ ಒತ್ತಿಕೊಂಡು ನಿಲ್ಲಬೇಡಿ. ಸಬ್ಸಿಡಿ ಸಿಗುವುದು ವರ್ಷದ ಅಂದಾಜು ಆದಾಯದ ಮೇಲೆ. ಮೊದಲು ಆ ಅಂದಾಜು ತಪ್ಪಿದರೆ ವಾಪಸ್ ಕೊಡುವ ಮೊತ್ತಕ್ಕೆ ಒಂದು ಮಿತಿ ಇತ್ತು, 2026ರಿಂದ ಆ ಮಿತಿ ಇಲ್ಲ. ಡಿಸೆಂಬರ್‌ನಲ್ಲಿ ಒಂದು ಬಿಲ್ ಜಾಸ್ತಿ ಬಂದು ಅಂಚು ದಾಟಿದರೆ ವರ್ಷದ ಸಬ್ಸಿಡಿ ಅಷ್ಟನ್ನೂ ವಾಪಸ್ ಕಟ್ಟಬೇಕು.

ಈಗ ನಿಮ್ಮ ತಮ್ಮನ ಸಲಹೆಗೆ ಬರುತ್ತೇನೆ. 401ಕೆಯಿಂದ ಈಗ ತೆಗೆದರೆ 10% ದಂಡ, ಮೇಲೆ ಇನ್‌ಕಮ್ ಟ್ಯಾಕ್ಸ್, ಇದು ಎಲ್ಲರಿಗೂ ಗೊತ್ತು. ಯಾರೂ ಹೇಳದ ವಿಷಯ ಏನೆಂದರೆ ತೆಗೆದಷ್ಟೂ ಈ ವರ್ಷದ ಆದಾಯ ಆಗುತ್ತದೆ. ಮನೆ ಕೊರತೆ 61,600, ಮಾರುವ ಖರ್ಚು 6% ಅಂದುಕೊಂಡರೆ ಇನ್ನೊಂದು 21,900, ಒಟ್ಟು 83,500. ಅದು ಕೈಗೆ ಬರಬೇಕೆಂದರೆ ಖಾತೆ ಪೂರ್ತಿ ಖಾಲಿ. ಆಗ ನಿಮ್ಮ ಆದಾಯ 2,30,000 ದಾಟುತ್ತದೆ. ಮನೆಯಿಂದ ಬಿಡಿಸಿಕೊಳ್ಳಲು ಹೋಗಿ ಇನ್ಶೂರೆನ್ಸ್ ಸಬ್ಸಿಡಿಯನ್ನೂ ಕೈಯಾರೆ ಕಳೆದುಕೊಳ್ಳುತ್ತೀರಿ. ಈ ಎರಡು ಕಷ್ಟ ಬೇರೆ ಬೇರೆ ಅಲ್ಲ. ಒಂದರ ದಾರ ಎಳೆದರೆ ಇನ್ನೊಂದು ಬಿಚ್ಚುತ್ತದೆ.

ತುಂಗಾತೀರ:

ಸುಮ್ನೆ ಶಾರ್ಟ್ ಸೇಲ್ ಮಾಡಿಬಿಡಬಾರದಾ? 3,65,000ಕ್ಕೆ ಮಾರಿ, ಉಳಿದದ್ದನ್ನು ಸಾಲ ಕೊಟ್ಟವರು ಮನ್ನಾ ಮಾಡಲಿ. ಕ್ರೆಡಿಟ್ ಕೆಲವು ವರ್ಷ ಕೆಡುತ್ತದೆ, ಕೆಡಲಿ. ಉಸಿರಾದರೂ ಆಡಬಹುದು. ನನ್ನ ಅಣ್ಣ 2010ರಲ್ಲಿ ಹಾಗೇ ಮಾಡಿದ, ಒಂದು ಡಾಲರ್ ಟ್ಯಾಕ್ಸ್ ಕಟ್ಟಲಿಲ್ಲ.

ಲೆಕ್ಕದಪುಸ್ತಕ:

2010ರಲ್ಲಿ ಕಟ್ಟಬೇಕಿರಲಿಲ್ಲ, ನಿಜ. 2007ರಲ್ಲಿ ಬಂದ ಕಾನೂನಿನಿಂದ ವಾಸದ ಮನೆಯ ಮನ್ನಾ ಆದ ಸಾಲಕ್ಕೆ ವಿನಾಯಿತಿ ಇತ್ತು. ಅದನ್ನು ಮತ್ತೆ ಮತ್ತೆ ಮುಂದುವರಿಸುತ್ತಾ ಬಂದರು, ಕೊನೆಗೆ 2025ರ ಅಂತ್ಯಕ್ಕೆ ನಿಂತಿತು. ಈಗ ಮನ್ನಾ ಆದರೆ 1099-ಸಿ ಅನ್ನುವ ಟ್ಯಾಕ್ಸ್ ಫಾರಂ ಬರುತ್ತದೆ, ಆ ಮೊತ್ತ ಆದಾಯಕ್ಕೆ ಸೇರುತ್ತದೆ. ಅಂದರೆ ಮತ್ತೆ ಅದೇ 1,28,600ರ ಅಂಚು. ನಿಮ್ಮ ಸಾಲಗಳ ಮೊತ್ತ ನಿಮ್ಮ ಎಲ್ಲ ಆಸ್ತಿಗಿಂತ ಜಾಸ್ತಿ ಇದೆ ಅಂತ ಫಾರಂ 982ರಲ್ಲಿ ತೋರಿಸಿದರೆ ಆ ವ್ಯತ್ಯಾಸದಷ್ಟು ಬಿಡುತ್ತಾರೆ, ಆದರೆ ಆಸ್ತಿ ಲೆಕ್ಕದಲ್ಲಿ 401ಕೆ ಕೂಡ ಬರುತ್ತದೆ. 1,10,000 ಇರುವ ಇವರಿಗೆ ಅದು ದಕ್ಕುವುದು ಕಷ್ಟ.

ಕರಿಕಲ್ಲುಮನೆ:

ನಾನೂ ಟೆಕ್ಸಾಸ್, ವಿಲಿಯಮ್ಸನ್ ಕೌಂಟಿಯವನೇ. ಮನೆ ಕಡೆ ಏನು ಇಳಿಸಬಹುದು ಅಂತ ಹೇಳುತ್ತೇನೆ.

ಪ್ರಾಪರ್ಟಿ ಟ್ಯಾಕ್ಸ್. ಜನವರಿ 1ರ ಬೆಲೆ ಮೇಲೆ ಹಾಕುತ್ತಾರೆ, ಮೇ 15ರ ಒಳಗೆ ಅಥವಾ ನೋಟಿಸ್ ಬಂದು 30 ದಿನದೊಳಗೆ, ಯಾವುದು ತಡವೋ ಅಲ್ಲಿಯ ತನಕ ತಕರಾರು ಹಾಕಬಹುದು. ನಿಮ್ಮ ಬೀದಿಯ 3,65,000ದ ಮಾರಾಟವೇ ಸಾಕ್ಷಿ. ಟೆಕ್ಸಾಸ್‌ನಲ್ಲಿ ಮಾರಾಟದ ಬೆಲೆ ಸಾರ್ವಜನಿಕ ದಾಖಲೆಯಲ್ಲಿ ಇರುವುದಿಲ್ಲ, ಆದ್ದರಿಂದ ಪರಿಚಯದ ಏಜೆಂಟ್ ಹತ್ತಿರ ಆ ಕಾಗದ ಕೇಳಿ ಇಟ್ಟುಕೊಳ್ಳಿ. ನಾನು ಎರಡು ವರ್ಷ ನಾನೇ ಹೋಗಿ ಕೂತು ಇಳಿಸಿಕೊಂಡಿದ್ದೇನೆ, ಕಾಲು ಗಂಟೆ ಕೆಲಸ. ಹೋಮ್‌ಸ್ಟೆಡ್ ಅರ್ಜಿ, ಅಂದರೆ ಸ್ವಂತ ವಾಸದ ಮನೆಗೆ ಟ್ಯಾಕ್ಸ್ ವಿನಾಯಿತಿ ಕೇಳುವುದು, ಹಾಕಿದ್ದೀರಾ ನೋಡಿ. ಶಾಲಾ ತೆರಿಗೆಗೆ ಈಗ ಮನೆ ಬೆಲೆಯಲ್ಲಿ 1,40,000 ಬಿಟ್ಟು ಲೆಕ್ಕ ಹಾಕುತ್ತಾರೆ. ಆಶ್ಚರ್ಯ ಅನ್ನಿಸಬಹುದು, ಹಾಕದೇ ಇರುವವರು ಇನ್ನೂ ಇದ್ದಾರೆ.

ಇನ್ನೊಂದು, ನಿಮ್ಮ ಎಫ್‌ಎಚ್‌ಎ ಮಾರ್ಟ್‌ಗೇಜ್ ಇನ್ಶೂರೆನ್ಸ್, ಅಂದರೆ ಸಾಲ ಕೊಟ್ಟವರ ರಕ್ಷಣೆಗೆ ನೀವು ಕಟ್ಟುವ ವಿಮೆ. 2022ರ ಸಾಲ ಅಂದರೆ ವರ್ಷಕ್ಕೆ 0.85% ಇರಬೇಕು. 2023ರ ಮಾರ್ಚ್‌ನಿಂದ ಅದನ್ನು 0.55ಕ್ಕೆ ಇಳಿಸಿದರು, ಹಳೇ ಸಾಲಗಳಿಗೆ ಮಾತ್ರ ಇಲ್ಲ. ಎಫ್‌ಎಚ್‌ಎ ಸ್ಟ್ರೀಮ್‌ಲೈನ್ ಅಂತ ಒಂದು ರೀಫೈನಾನ್ಸ್ (ಹಳೇ ಸಾಲದ ಬದಲು ಹೊಸ ಸಾಲ) ಇದೆ, ಅದಕ್ಕೆ ಮನೆ ಬೆಲೆ ಕಟ್ಟಿಸುವುದೇ ಬೇಕಿಲ್ಲ, ಅಂಡರ್‌ವಾಟರ್ ಇದ್ದರೂ, ಅಂದರೆ ಬೆಲೆಗಿಂತ ಸಾಲ ಜಾಸ್ತಿ ಇದ್ದರೂ, ಅಡ್ಡಿ ಇಲ್ಲ. ಬಡ್ಡಿ ಮತ್ತು ಈ ಇನ್ಶೂರೆನ್ಸ್ ಎರಡೂ ಕೂಡಿ ಅರ್ಧ ಪರ್ಸೆಂಟ್ ಇಳಿಯಬೇಕು. ನಿಮ್ಮದು 5.25 ಮತ್ತು 0.85, ಒಟ್ಟು 6.10. ಅದು 5.60ಕ್ಕೆ ಇಳಿಯಬೇಕು, ಅದರಲ್ಲಿ ಇನ್ಶೂರೆನ್ಸ್ 0.55 ಕಳೆದರೆ ಹೊಸ ಬಡ್ಡಿ 5.05 ಅಥವಾ ಕೆಳಗೆ ಬರಬೇಕು. ಇವತ್ತು ಆಗುವುದಿಲ್ಲ. ಆ ಅಂಕಿಯನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ಒಂದು ಷರತ್ತು, ಕಂತು ತಪ್ಪಿರಬಾರದು. ಅದಕ್ಕೇ ಈಗ ತಪ್ಪಿಸಬೇಡಿ.

ತಪ್ಪುವ ಪರಿಸ್ಥಿತಿ ಬಂದರೆ, ತಪ್ಪುವ ಮೊದಲೇ ಸಾಲದ ಕಂಪನಿಗೆ ಫೋನ್ ಮಾಡಿ. 120 ದಿನ ಬಾಕಿ ಆಗುವ ತನಕ ಅವರು ಫೋರ್‌ಕ್ಲೋಷರ್ (ಮನೆ ಜಪ್ತಿ) ಶುರು ಮಾಡುವ ಹಾಗಿಲ್ಲ, ಆದರೆ ಟೆಕ್ಸಾಸ್‌ನಲ್ಲಿ ಆಮೇಲೆ ಕೋರ್ಟ್ ಇಲ್ಲದೆಯೇ ತಿಂಗಳ ಮೊದಲ ಮಂಗಳವಾರ ಹರಾಜು ಹಾಕಬಹುದು, ತುಂಬಾ ಬೇಗ ಆಗುತ್ತದೆ. ಕೇಂದ್ರ ಸರ್ಕಾರದ ವಸತಿ ಇಲಾಖೆ, ಹಡ್, ಒಪ್ಪಿದ ಕೌನ್ಸೆಲರ್‌ಗಳಿದ್ದಾರೆ, ಫೋರ್‌ಕ್ಲೋಷರ್ ತಪ್ಪಿಸುವ ಸಲಹೆಗೆ ದುಡ್ಡು ಕೇಳುವುದಿಲ್ಲ. ಮುಂಗಡ ಕೊಡಿ, ಸಾಲ ಇಳಿಸಿಕೊಡುತ್ತೇವೆ ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿ.

ಹೊಂಗೆನೆರಳು:

ಎಲ್ಲರಿಗೂ ಕೈ ಮುಗಿದೆ. ತಮ್ಮನಿಗೆ ಈ ಲೆಕ್ಕ ಓದಿ ಹೇಳಿದೆ, ಅವನೂ ಒಪ್ಪಿದ. 401ಕೆ ಮುಟ್ಟುವುದಿಲ್ಲ, ಮನೆ ಮಾರುವುದಿಲ್ಲ. ಹೋಮ್‌ಸ್ಟೆಡ್ ಹುಡುಕಿದೆ, ಹಾಕಿರಲೇ ಇಲ್ಲ. ಇವತ್ತೇ ಹಾಕಿದೆ.

ಒಂದೇ ಪ್ರಶ್ನೆ ಉಳಿದಿದೆ. ಹೊಸ ಪ್ಲಾನ್ ಮಾರ್ಚ್ 1ಕ್ಕೆ ಶುರುವಾಗುತ್ತದೆ. ಫೆಬ್ರವರಿಯಲ್ಲಿ ಮಗಳಿಗೆ ಏನಾದರೂ ಆದರೆ? ಮತ್ತೆ ಬ್ರಾಂಜ್‌ನಲ್ಲಿ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವು ಕೈಯಿಂದ ಹಾಕುವ ಮೊತ್ತ) ನೋಡಿ ಭಯ ಆಗುತ್ತಿದೆ.

ಲೆಕ್ಕದಪುಸ್ತಕ:

ಫೆಬ್ರವರಿಗೆ ಹೆದರಬೇಡಿ. ಕೋಬ್ರಾ ತೆಗೆದುಕೊಳ್ಳಲು ನಿಮಗೆ 60 ದಿನ ಇದೆ, ತೆಗೆದುಕೊಂಡರೆ ಫೆಬ್ರವರಿ 1ರಿಂದಲೇ ಲೆಕ್ಕ. ಕಾಗದ ಎತ್ತಿಡಿ. ಏನೂ ಆಗದಿದ್ದರೆ ಕಟ್ಟಲೇಬೇಡಿ, ಏನಾದರೂ ಆದರೆ ಸಹಿ ಹಾಕಿ ಒಂದು ತಿಂಗಳದ್ದು ಕಟ್ಟಿ. ಮಾರ್ಕೆಟ್‌ಪ್ಲೇಸ್‌ಗೂ ಹತ್ತಿರ ಹತ್ತಿರ ಅಷ್ಟೇ ಗಡುವು, ಏಪ್ರಿಲ್ 1. ಅದನ್ನು ಕಳೆದುಕೊಂಡು ಕೋಬ್ರಾದಲ್ಲೇ ಉಳಿದು, ಆಮೇಲೆ ದುಬಾರಿ ಅಂತ ನೀವಾಗಿ ಬಿಟ್ಟರೆ ನವೆಂಬರ್ ತನಕ ಬೇರೆ ಬಾಗಿಲು ತೆರೆಯುವುದಿಲ್ಲ.

ಬ್ರಾಂಜ್ ಭಯ ಸರಿಯಾದ ಭಯವೇ. ಕುಟುಂಬಕ್ಕೆ ವರ್ಷಕ್ಕೆ 21,200ರ ತನಕ ಕೈಯಿಂದ ಹೋಗಬಹುದು. ಟೆಕ್ಸಾಸ್‌ನಲ್ಲಿ ಗೋಲ್ಡ್ ಪ್ಲಾನ್ ಎಷ್ಟೋ ಕಡೆ ಸಿಲ್ವರ್‌ಗಿಂತ ಅಗ್ಗ, ಹಾಗಾಗಿ ಅದನ್ನೂ ನೋಡಿ. ಆದರೆ ಗೋಲ್ಡ್ ಆದರೆ ಎಚ್‌ಎಸ್‌ಎ ಇರುವುದು ಅಪರೂಪ, ಆಗ ಸೋಲೋ 401ಕೆಗೆ 7,000 ಬದಲು 15,750 ಹಾಕಬೇಕಾಗುತ್ತದೆ. ಅಷ್ಟು ಎತ್ತಿಡಲು ಆಗುತ್ತದಾ, ಅದನ್ನು ಇಬ್ಬರೂ ಕೂತು ನೋಡಿ. ಅದಕ್ಕೂ ಮೊದಲು ಮಗಳ ಇನ್‌ಹೇಲರ್ ಹೆಸರನ್ನು ಪ್ರತಿ ಪ್ಲಾನ್‌ನ ಔಷಧ ಪಟ್ಟಿಯಲ್ಲಿ ಹುಡುಕಿ.

ಹೊಂಗೆನೆರಳು:

ಹುಡುಕಿದೆ. ಎರಡು ಗೋಲ್ಡ್ ಪ್ಲಾನ್‌ನಲ್ಲಿ ಇದೆ, ಒಂದಕ್ಕೆ 40 ಡಾಲರ್ ಕೋಪೇ (ಪ್ರತಿ ಸಲ ನಾವು ಕೊಡುವ ಪಾಲು), ಡಿಡಕ್ಟಿಬಲ್ ಮುಗಿಯಬೇಕಾಗಿಲ್ಲ. ಬ್ರಾಂಜ್‌ನಲ್ಲಿ ಡಿಡಕ್ಟಿಬಲ್ ಮುಗಿಯುವ ತನಕ ಪೂರ್ತಿ ಬೆಲೆ. ಯಜಮಾನರ ಜೊತೆ ಇವತ್ತು ರಾತ್ರಿ 15,750ರ ಲೆಕ್ಕ ಹಾಕುತ್ತೇವೆ, ನಾಳೆ ಬರೆಯುತ್ತೇನೆ.