ಕೋಲಾರದಲ್ಲಿ ಕೆಲಸ ಜಾಸ್ತಿ ಆಗಿದೆ ಅಂತಾರೆ, ಮನೆಗಳ ಆದಾಯ ಯಾಕೆ ಕಾಣುತ್ತಿಲ್ಲ?

ಮುಳಬಾಗಿಲು ಎಂ.ಎ.

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಎಂ.ಎ. ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಕೋಲಾರ ಜಿಲ್ಲೆಯ ಉದ್ಯೋಗ, ಮನೆಗಳ ಆದಾಯ, ಬಡತನ ಅಂತ ವಿಷಯ ತೆಗೆದುಕೊಂಡಿದ್ದೇನೆ. ಈಗ ತಲೆ ಕೆಟ್ಟಿದೆ.

ಪೇಪರ್ ನೋಡಿದರೆ ನರಸಾಪುರ, ವೇಮಗಲ್, ಮಾಲೂರು ಎಲ್ಲಾ ಕಡೆ ಫ್ಯಾಕ್ಟರಿ. ಹೋಂಡಾ ಇದೆ, ಐಫೋನ್ ಜೋಡಿಸುವ ಘಟಕ ಇದೆ, ನಮ್ಮ ಊರಿನ ಗೇಟ್ ಹತ್ತಿರ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಬಂದು ನಿಲ್ಲುತ್ತದೆ, ಹುಡುಗೀರೇ ಜಾಸ್ತಿ ಹತ್ತುತ್ತಾರೆ. ಆದರೆ ಫಾರಂ ಹಿಡಿದು ಮನೆ ಮನೆಗೆ ಹೋದರೆ ಎಲ್ಲರದ್ದೂ ಒಂದೇ ಉತ್ತರ. ತಿಂಗಳಿಗೆ ಎಂಟು ಸಾವಿರ, ಒಂಬತ್ತು ಸಾವಿರ. ಬೈಕು, ಮೂರು ಸೀಮೆಹಸು ಇರುವ ಮನೆಯಲ್ಲೂ ಅಷ್ಟೇ, ಗಾರೆ ಕೆಲಸಕ್ಕೆ ಹೋಗುವವರ ಮನೆಯಲ್ಲೂ ಅಷ್ಟೇ. ಕೆಲಸ ಇಲ್ಲದವರು ಇದ್ದಾರಾ ಅಂದರೆ ಯಾರೂ ಇಲ್ಲ. ಬಡವರಾ ಅಂದರೆ ಎಲ್ಲರೂ.

ಕೆಲಸ ಬಂದಿದ್ದರೆ ಬಡತನ ಕಡಿಮೆ ಆಗಿರಬೇಕು ಅಲ್ವಾ? ಜಿಲ್ಲೆಯ ತಲಾ ಆದಾಯದ ಟೇಬಲ್ ಹಾಕಿ ಮುಗಿಸೋಣ ಅಂದರೆ ಮನಸ್ಸು ಒಪ್ಪುತ್ತಿಲ್ಲ. ಗೊತ್ತಿರುವವರು ಹೇಳಿ.

ಲೆಕ್ಕದ ಮೇಷ್ಟ್ರು

ತಮ್ಮಾ, ನಿನ್ನ ಫಾರಂಗೆ ಬಂದ ಉತ್ತರದಲ್ಲಿ ಆಶ್ಚರ್ಯ ಏನೂ ಇಲ್ಲ. ಬಿಪಿಎಲ್ ಕಾರ್ಡಿಗೆ ಮನೆಯ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಹನ್ನೆರಡರಿಂದ ಭಾಗಿಸು, ತಿಂಗಳಿಗೆ ಹತ್ತು ಸಾವಿರ. ಕೈಯಲ್ಲಿ ಪೆನ್ನು ಕಾಗದ ಹಿಡಿದು ಬಂದವರೆಲ್ಲ ಸರ್ಕಾರದವರೇ ಅಂತ ಜನ ತಿಳಿದುಕೊಳ್ಳುತ್ತಾರೆ, ಹತ್ತರ ಕೆಳಗೆ ಒಂದು ಅಂಕಿ ಹೇಳುತ್ತಾರೆ. ಅಕ್ಕಿ ಹೋದರೆ ನೀನು ಕೊಡ್ತೀಯಾ?

ಅದಕ್ಕೇ ಆದಾಯ ಕೇಳಬೇಡ, ಖರ್ಚು ಕೇಳು. ನಮ್ಮ ದೇಶದ ಬಡತನದ ರೇಖೆಗಳೂ ಖರ್ಚಿನ ಮೇಲೇ ನಿಂತಿವೆ. ತೆಂಡೂಲ್ಕರ್ ಸಮಿತಿಯ ಲೆಕ್ಕದಲ್ಲಿ 2011-12ಕ್ಕೆ ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ, ರಂಗರಾಜನ್ ಸಮಿತಿ ಪ್ರಕಾರ 972. 2023-24ರ ಖರ್ಚಿನ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ಸರಾಸರಿ ಒಬ್ಬರಿಗೆ 4,122 ರೂಪಾಯಿ ಬಂತು. ಇದು ಸರಾಸರಿ, ರೇಖೆ ಅಲ್ಲ. ಎರಡನ್ನೂ ಒಂದೇ ಟೇಬಲ್‌ಗೆ ತುರುಕಬೇಡ.

ಇನ್ನು ಜಿಲ್ಲೆಯ ತಲಾ ಆದಾಯ. ಜಿಲ್ಲೆಯ ಗಡಿಯೊಳಗೆ ಎಷ್ಟು ಉತ್ಪಾದನೆ ಆಯಿತು ಅನ್ನುವುದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ, ಅಷ್ಟೇ. ನರಸಾಪುರದ ಫ್ಯಾಕ್ಟರಿಯ ಲಾಭ ಯಾವ ಊರಿನ ಷೇರುದಾರನಿಗೆ ಹೋದರೂ ಕೋಲಾರದ ಲೆಕ್ಕಕ್ಕೆ ಬರುತ್ತದೆ. ಹೊಸಕೋಟೆಯಿಂದ ಬಂದು ಹೋಗುವವನ ಸಂಬಳವೂ ಬರುತ್ತದೆ. ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿಯುವವನ ಕೆಲಸ ಬೆಂಗಳೂರಿನ ಖಾತೆಗೆ. ಹೀಗಿರುವಾಗ ಆ ಅಂಕಿ ನಿಮ್ಮೂರಿನ ಅಡುಗೆಮನೆಗೆ ಹೊಂದಬೇಕು ಅಂದರೆ ಹೇಗೆ?

ನಿರುದ್ಯೋಗಿ ಯಾರೂ ಇಲ್ಲ ಅನ್ನುವುದೂ ಸುಳ್ಳಲ್ಲ. ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ವರ್ಷದಲ್ಲಿ ಮೂವತ್ತು ದಿನ ಏನಾದರೂ ಕೆಲಸ ಮಾಡಿದ್ದರೆ ಸಾಕು, ಉದ್ಯೋಗಿ ಅಂತ ಸೇರಿಸಲು ದಾರಿ ಇದೆ. ಸಂಬಳ ಇಲ್ಲದೆ ಮನೆಯ ಹಸು ನೋಡಿಕೊಳ್ಳುವ ಹೆಂಗಸೂ ಉದ್ಯೋಗಿಯೇ. ಕೆಲಸ ಇದೆಯಾ ಅನ್ನುವ ಪ್ರಶ್ನೆ ಬಡವರ ಮಟ್ಟಿಗೆ ಯಾವತ್ತೂ ಸರಿಯಾದ ಪ್ರಶ್ನೆ ಅಲ್ಲ. ಕೆಲಸ ಇಲ್ಲದೆ ಕೂರುವುದಕ್ಕೂ ಕಾಸು ಬೇಕು.

ವೇಮಗಲ್ ಸೆಕೆಂಡ್ ಶಿಫ್ಟ್

ಆ ಬಸ್ಸು ಹತ್ತುವ ಹುಡುಗೀರಲ್ಲಿ ನಾನೂ ಒಬ್ಬಳು. ಕಂಪನಿ ಹೆಸರು ಬೇಡ.

ನಾನು ಕಂಪನಿಯವಳಲ್ಲ, ಕಂಟ್ರಾಕ್ಟರ್ ಕಡೆಯವಳು. ಐಡಿ ಕಾರ್ಡಿನ ದಾರದ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಸೇರುವಾಗ ಹದಿನೇಳು ಸಾವಿರ ಅಂದರು. ಪಿಎಫ್ ಶೇ 12, ಇಎಸ್‌ಐ ಶೇ 0.75, ಕ್ಯಾಂಟೀನು, ಬಸ್ಸು, ಎಲ್ಲಾ ಹಿಡಿದು ಕೈಗೆ ಹದಿನಾಲ್ಕರ ಹತ್ತಿರ ಬರುತ್ತದೆ. ಒ.ಟಿ. ಇದ್ದ ತಿಂಗಳು ಸ್ವಲ್ಪ ಜಾಸ್ತಿ. ಆರ್ಡರ್ ಕಮ್ಮಿ ಆದರೆ "ಫೋನ್ ಮಾಡ್ತೀವಿ" ಅಂತ ಮನೆಗೆ ಕಳಿಸುತ್ತಾರೆ. ಅಪ್ರೆಂಟಿಸ್ ಅಂತ ಸೇರಿದವರಿಗೆ ಬರೀ ಸ್ಟೈಪೆಂಡ್, ಪಿಎಫ್ ಇಲ್ಲ, ಕಾನೂನಿನಲ್ಲಿ ಅವರು ಕಾರ್ಮಿಕರೇ ಅಲ್ಲ.

ನಿಮ್ಮ ಫಾರಂನಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ ಅಣ್ಣಾ? ನನಗೆ ಕೆಲಸ ಸಿಕ್ಕಿತು ಅಂತ ಅಪ್ಪ ಕೂಲಿ ಬಿಟ್ಟರು, ಬೆನ್ನುನೋವು ಮೊದಲಿಂದಲೂ ಇತ್ತು. ನಾನು ಮನೆಯಲ್ಲಿ ಇಲ್ಲ ಅಂತ ಅಮ್ಮ ಒಂದು ಹಸು ಮಾರಿದರು, ಮೇವು ತರಲು ಆಳಿಲ್ಲ. ಮನೆಯ ಆದಾಯಕ್ಕೆ ಹದಿನಾಲ್ಕು ಸೇರಲಿಲ್ಲ, ಹಳೇದು ಹೋಗಿ ಇದು ಬಂತು. ನನ್ನ ಸಂಬಳ ವರ್ಷಕ್ಕೆ 1.68 ಲಕ್ಷ, ಮೇಷ್ಟ್ರು ಹೇಳಿದ ಮಿತಿ ದಾಟಿತು. ಕಾರ್ಡು ಯಾವಾಗ ಹೋಗುತ್ತದೋ ಅನ್ನುವ ಭಯ ಬೇರೆ. ಮದುವೆ ಆದ ಮೇಲೆ ಗಂಡನ ಮನೆಯವರು ರಾತ್ರಿ ಶಿಫ್ಟಿಗೆ ಕಳಿಸ್ತಾರಾ? ಅದೂ ಮುಗಿಯಿತು.

2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್‌ನಲ್ಲಿ ಆದ ಗಲಾಟೆಯಲ್ಲಿ ಒಡೆದ ಗಾಜು ಎಲ್ಲರಿಗೂ ನೆನಪಿದೆ. ಸಂಬಳ ಸರಿಯಾಗಿ ಕೊಟ್ಟಿರಲಿಲ್ಲ ಅನ್ನುವುದು ಎಷ್ಟು ಜನಕ್ಕೆ ನೆನಪಿದೆ? ಆಪಲ್ ಕಂಪನಿಯೇ ಆಮೇಲೆ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿತ್ತು. 2023ರಲ್ಲಿ ಆ ಘಟಕ ಟಾಟಾದವರ ಕೈಗೆ ಬಂತು.

ನೇರಮಾತು

ನಮ್ಮ ಹುಡುಗರು ಆರು ತಿಂಗಳು ನಿಲ್ಲುವುದಿಲ್ಲ, ಒಡಿಶಾ ಬಿಹಾರದವರು ನಿಲ್ಲುತ್ತಾರೆ. ಕಂಪನಿಯನ್ನು ಬೈದು ಏನು ಪ್ರಯೋಜನ. ಮೊದಲು ನಮ್ಮ ಸೋಮಾರಿತನ ಬಿಡೋಣ.

ವೇಮಗಲ್ ಸೆಕೆಂಡ್ ಶಿಫ್ಟ್

ಎಂಟು ಗಂಟೆ ನಿಂತೇ ಕೆಲಸ ಮಾಡುತ್ತೇವೆ ಸಾರ್, ಬನ್ನಿ ಒಂದು ದಿನ. ದೂರದಿಂದ ಬಂದವರಿಗೆ ವಾಪಸ್ ಹೋಗಲು ಟಿಕೆಟ್ ಕಾಸಿಲ್ಲ, ಅದಕ್ಕೆ ನಿಲ್ಲುತ್ತಾರೆ. ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆ 2024ರ ಜುಲೈನಲ್ಲಿ ಸಂಪುಟದಲ್ಲಿ ಪಾಸಾಗಿ ಕೂಡಲೇ ತಡೆ ಬಿತ್ತಲ್ಲ, ಅದು ಬಂದಿದ್ದರೂ ಕಂಟ್ರಾಕ್ಟು ಕಂಟ್ರಾಕ್ಟೇ.

ಶ್ರೀನಿವಾಸಪುರದ ರೈತ

ಫ್ಯಾಕ್ಟರಿ ಬಗ್ಗೆ ಗೊತ್ತಿಲ್ಲ, ಹಾಲು ಟೊಮೆಟೊ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಮನೆ ನಡೆಯುವುದು ಡೈರಿ ಬಟವಾಡೆಯಲ್ಲಿ. ಟೊಮೆಟೊದಲ್ಲಿ ಮನೆ ನಡೆಯುವುದಿಲ್ಲ, ಟೊಮೆಟೊದಲ್ಲಿ ಮನೆ ಕಟ್ಟುತ್ತಾರೆ ಇಲ್ಲ ಮಾರುತ್ತಾರೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತು, ಟಿವಿಯವರೆಲ್ಲ ಬಂದರು, ಕೋಟ್ಯಧಿಪತಿ ರೈತ ಅಂತ ತೋರಿಸಿದರು, ಆದರೆ ಆಗ ತೋಟದಲ್ಲಿ ಹಣ್ಣು ಇದ್ದದ್ದು ಎಷ್ಟು ಜನಕ್ಕೆ? ಎಲೆ ಮುದುರು ರೋಗ ಬಂದು ನನ್ನ ತೋಟ ಆಗಲೇ ಹೋಗಿತ್ತು. ಬಾಕ್ಸ್ ನೂರು ರೂಪಾಯಿಗೆ ಇಳಿದಾಗ ಕೀಳುವ ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಕಳೆದರೆ ಕೈಯಿಂದ ಹಾಕಬೇಕು. ಆಗ ಯಾವ ಟಿವಿಯೂ ಬರುವುದಿಲ್ಲ.

ಇದರಲ್ಲಿ ನನ್ನ ತಿಂಗಳ ಆದಾಯ ಎಷ್ಟು ಅಂತ ಕೇಳಿದರೆ ನಾನೂ ಎಂಟು ಸಾವಿರ ಅನ್ನುತ್ತೇನೆ. ಸುಳ್ಳು ಹೇಳಬೇಕು ಅಂತಲ್ಲ, ನನಗೇ ಗೊತ್ತಿಲ್ಲ. ಹಾಲಿನ ಲೆಕ್ಕ ಗೊತ್ತು. ಲೀಟರಿಗೆ ಒಕ್ಕೂಟದ ದರ, ಮೇಲೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ. ಬೂಸಾ, ಹಿಂಡಿ, ಡಾಕ್ಟರು ಕಳೆದರೆ ಉಳಿಯುವುದು ನಮ್ಮ ಮನೆಯವಳ ಕೂಲಿ, ಅದನ್ನು ಯಾರೂ ಕೂಲಿ ಅಂತ ಬರೆಯುವುದಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಒಂದು ಬೋರ್ ಫೇಲ್ ಆದರೆ ಹಲವು ವರ್ಷದ ಹಾಲಿನ ಕಾಸು ಮಣ್ಣು. 2018ರಿಂದ ಬೆಂಗಳೂರಿನಲ್ಲಿ ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೋಲಾರದ ಕೆರೆಗಳಿಗೆ ಬಂತು, ಬೆಂಗಳೂರಿನ ಚರಂಡಿ ನೀರು ಅಂತ ಬೈದುಕೊಂಡೇ ಎಲ್ಲರೂ ಪಂಪ್ ಹಾಕುತ್ತಾರೆ.

ಉರಿಗಾಂ ಪೇಟೆ

ಕೆ.ಜಿ.ಎಫ್. ಬಿಟ್ಟು ಕೋಲಾರದ ಉದ್ಯೋಗ ಬರೆದರೆ ಪ್ರಾಜೆಕ್ಟ್ ಅರ್ಧವೇ. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಯಂತ್ರ ತಯಾರಿಸುವ ಬೆಮೆಲ್ ಕಾರ್ಖಾನೆ ಇದೆ, ಆದರೆ ಗಣಿ ಸಾಕಿದಷ್ಟು ಜನರನ್ನು ಅದು ಸಾಕಲಾರದು. ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ನೋಡಿ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಅಂಗಡಿ ಕೆಲಸ, ಆಸ್ಪತ್ರೆ ಆಯಾ, ಐಟಿ ಹುಡುಗರು, ಎಲ್ಲಾ ಅದರಲ್ಲೇ. ರಾತ್ರಿ ವಾಪಸ್. ಇವರ ಕೆಲಸ ಬೆಂಗಳೂರಿನದ್ದು, ಬಡತನ ಮಾತ್ರ ಕೋಲಾರದ್ದು.

ಇನ್ನೊಂದು. 2011ರ ಜನಗಣತಿ ಪ್ರಕಾರ ಪರಿಶಿಷ್ಟ ಜಾತಿಯ ಜನರ ಪ್ರಮಾಣ ರಾಜ್ಯದಲ್ಲೇ ಹೆಚ್ಚು ಇರುವುದು ಕೋಲಾರದಲ್ಲಿ, ಸುಮಾರು ಶೇ 30. ಕೈಗಾರಿಕಾ ಪ್ರದೇಶಕ್ಕೆ ಜಮೀನು ಕೊಟ್ಟವರಿಗೆ ಪರಿಹಾರ ಬಂತು, ಅದರಲ್ಲಿ ಬಾಡಿಗೆ ಮನೆ, ಪಿಜಿ ಕಟ್ಟಿದರು. ಜಮೀನೇ ಇಲ್ಲದವರಿಗೆ ಏನು ಬಂತು? ಅದೇ ಪಿಜಿಯಲ್ಲಿ ಪಾತ್ರೆ ತೊಳೆಯುವ ಕೆಲಸ. ಸರಾಸರಿ ತೆಗೆಯುವ ಮೊದಲು ಮನೆಗಳನ್ನು ಜಮೀನು ಇರುವವರು, ಇಲ್ಲದವರು ಅಂತ ಬೇರೆ ಮಾಡಿ.

ಮುಳಬಾಗಿಲು ಎಂ.ಎ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಖರ್ಚಿನ ಪಟ್ಟಿ ಮಾಡುತ್ತಿದ್ದೇನೆ. ಎರಡು ಅನುಮಾನ. ನೀತಿ ಆಯೋಗದ ಬಹುಆಯಾಮದ ಬಡತನದ ಅಂಕಿ ಬಳಸಬಹುದಾ? ಮತ್ತೆ, ಸಾಲ ಇದೆಯಾ ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಇದಕ್ಕೇನು ಮಾಡಲಿ?

ಲೆಕ್ಕದ ಮೇಷ್ಟ್ರು

ಬಳಸು, ಏನು ಅಳೆಯುತ್ತದೆ ಅಂತ ಗೊತ್ತಿರಲಿ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಅಂತ 12 ಸೂಚಕ, ಆದಾಯ ಅದರಲ್ಲಿ ಇಲ್ಲವೇ ಇಲ್ಲ. 2019-21ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಬಡವರು ಶೇ 7.58. ಬ್ಯಾಂಕ್ ಖಾತೆ ಇದೆಯಾ ಅಂತ ನೋಡುತ್ತಾರೆ, ಅದರಲ್ಲಿ ಎಷ್ಟಿದೆ ಅಂತಲ್ಲ. ಆ ಅಂಕಿ ಇಳಿದಿರುವುದು ನಿಜವೇ, ಶೌಚಾಲಯ, ಗ್ಯಾಸು, ಕರೆಂಟು ಬಂದಿವೆ. ನಿನ್ನ ಪ್ರಶ್ನೆ ಬೇರೆ.

ಸಂಘದ ಅಕ್ಕ

ಸಾಲದ್ದು ನಾನು ಹೇಳ್ತೀನಿ. ಸಾಲ ಇದೆಯಾ ಅಂತ ಯಾಕಪ್ಪ ಕೇಳ್ತೀಯ, ಮಾನ ಇರೋರು ಇದೆ ಅಂತಾರಾ? ನಿಮ್ಮ ಕಂತು ಯಾವ ವಾರ ಅಂತ ಕೇಳು. ಸೋಮವಾರ ಒಂದು, ಬುಧವಾರ ಒಂದು, ಸಂಘದ್ದು ತಿಂಗಳಿಗೆ ಅಂತ ತಾವೇ ಎಣಿಸಿ ಹೇಳುತ್ತಾರೆ. ಗೃಹಲಕ್ಷ್ಮಿಯ 2,000 ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳು, ಬಹಳ ಮನೆಗಳಲ್ಲಿ ನೇರ ಕಂತಿಗೇ. ಸಾಲ ವಸೂಲಿಯವರ ಕಿರುಕುಳ ತಡೆಯಲು 2025ರಲ್ಲಿ ಸುಗ್ರೀವಾಜ್ಞೆ ಬಂದ ಮೇಲೆ ಮನೆ ಬಾಗಿಲಲ್ಲಿ ಕೂಗಾಡುವುದು ನಮ್ಮ ಕಡೆ ಸ್ವಲ್ಪ ಕಡಿಮೆ ಆಗಿದೆ, ಕಂತು ಕಡಿಮೆ ಆಗಿಲ್ಲ.

ಗಂಡಸರು ಮನೆಯಲ್ಲಿ ಇರುವಾಗ ಹೋಗಬೇಡ, ಅರ್ಧ ಸಾಲ ಅವರಿಗೆ ಗೊತ್ತೇ ಇರುವುದಿಲ್ಲ. ಮಧ್ಯಾಹ್ನ ಡೈರಿಗೆ ಹಾಲು ಹಾಕುವ ಹೊತ್ತಿಗೆ ಮೊದಲು ಹೋಗು. ಜೊತೆಗೆ ನಿಮ್ಮ ಕ್ಲಾಸಿನ ಹುಡುಗಿ ಯಾರಾದರೂ ಇದ್ದರೆ ಕರೆದುಕೊಂಡು ಹೋಗು, ಫಾರಂ ಬ್ಯಾಗಿನಲ್ಲೇ ಇರಲಿ.