ಬ್ಲೇಡ್ ಪ್ರಶ್ನೆಗಳು: ಮಿಸ್ತ್ರಿ ಕಾಕಾನ ಜೊತೆ ಒಂದು ಭಾನುವಾರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಮನೆಯಲ್ಲಿರುವ ಗ್ರೈಂಡರ್, ಮಾರ್ಬಲ್ ಕಟರ್, ಜಿಗ್ ಸಾ. ಇವುಗಳ ಬ್ಲೇಡ್ ಹಾಕುವುದು, ಬದಲಿಸುವುದು. ಉತ್ತರ ಕೊಡುವವರು ಬೆಳಗಾವಿಯ ಉದ್ಯಮಬಾಗದಲ್ಲಿ 20 ವರ್ಷದಿಂದ ಪವರ್ ಟೂಲ್ ರಿಪೇರಿ ಮಾಡುತ್ತಿರುವ ನಮ್ಮ ಮಿಸ್ತ್ರಿ ಕಾಕಾ. ಒಬ್ಬರಿಗೆ ಒಂದೇ ಪ್ರಶ್ನೆ. ಫೋಟೊ ಹಾಕಿ. ಗುಡ್ ಮಾರ್ನಿಂಗ್ ಹೂವು ಬೇಡ.

ಗೋಕಾಕ: ಕಾಕಾ, ಹೊಸದಾಗಿ 4 ಇಂಚಿನ ಗ್ರೈಂಡರ್ ತಂದಿದ್ದೇನೆ. ಗೇಟಿನ ಕಬ್ಬಿಣ ಕತ್ತರಿಸಬೇಕು. ವೀಲ್ ಬಿಗಿ ಮಾಡುವ ನಟ್‌ಗೆ ಎರಡು ಮುಖ ಇವೆ. ಒಂದು ಚಪ್ಪಟೆ, ಇನ್ನೊಂದರಲ್ಲಿ ಉಂಗುರದ ಹಾಗೆ ಉಬ್ಬು. ಯಾವುದು ವೀಲ್ ಕಡೆ ಬರಬೇಕು?

ಮಿಸ್ತ್ರಿ: ಒಳ್ಳೆ ಪ್ರಶ್ನೆ. ತೆಳು ಕಟಿಂಗ್ ವೀಲ್ ಆದರೆ ಚಪ್ಪಟೆ ಮುಖ ವೀಲ್ ಕಡೆ, ಉಬ್ಬು ಹೊರಗೆ. ದಪ್ಪ ಗ್ರೈಂಡಿಂಗ್ ವೀಲ್ ಆದರೆ ಉಬ್ಬು ವೀಲಿನ ತೂತಿನಲ್ಲಿ ಕೂರಬೇಕು. ಉಲ್ಟಾ ಹಾಕಿದರೆ ನಟ್ ಬಿಗಿಯಾಯಿತು ಅನ್ನಿಸುತ್ತದೆ, ವೀಲ್ ಮಾತ್ರ ಲಟಲಟ ಅನ್ನುತ್ತಿರುತ್ತದೆ. ಇನ್ನೊಂದು, ವೀಲಿನ ನಡುವಿನ ತಗಡಿನ ಉಂಗುರ ನೋಡಿ. ಒಳ್ಳೆ ವೀಲ್ ಆದರೆ ಅದರ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಬಳಸಬಹುದಾದ ಕೊನೆಯ ತಿಂಗಳು. ತಯಾರಾಗಿ 3 ವರ್ಷ, ಅಷ್ಟೇ. ವೀಲಿನ ಪುಡಿಯನ್ನು ಹಿಡಿದಿರುವುದು ಒಂದು ಥರದ ಅಂಟು. ಅದಕ್ಕೂ ವಯಸ್ಸಾಗುತ್ತದೆ. ಹೊಸ ವೀಲ್ ಹಾಕಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ, ಯಾರೂ ಇಲ್ಲದ ಕಡೆ ಮುಖ ಮಾಡಿ.

ಮುಧೋಳ: ಗ್ರೈಂಡರ್ ನಟ್ ಬಿಡ್ತಾನೇ ಇಲ್ಲ ಕಾಕಾ. ಯಾವ ಕಡೆ ತಿರುಗಿಸಬೇಕು?

ಮಿಸ್ತ್ರಿ: ಮಷೀನ್ ಮೇಲೆ ಬಾಣದ ಗುರುತು ಇರುತ್ತದೆ, ವೀಲ್ ತಿರುಗುವ ದಿಕ್ಕು. ಬಾಣದ ಕಡೆ ತಿರುಗಿಸಿದರೆ ಬಿಚ್ಚುತ್ತದೆ, ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಗ್ರೈಂಡರ್‌ಗೂ ಇದೇ, ಮಾರ್ಬಲ್ ಕಟರ್‌ಗೂ ಇದೇ. ಬಲಗಡೆ, ಎಡಗಡೆ ಅಂತ ನೆನಪಿಡಬೇಡಿ. ಬಾಣ ನೆನಪಿಡಿ. ಲಾಕ್ ಬಟನ್ ಒತ್ತಿ, ಎರಡು ಕಡ್ಡಿಯ ಪಾನಾ ಹಾಕಿ, ಪಾನಾದ ತುದಿಗೆ ಕೈಯಿಂದಲೇ ಒಂದು ಜೋರು ಏಟು ಕೊಡಿ. ಮೆಲ್ಲಗೆ ಎಳೆದರೆ ಬಿಡುವುದಿಲ್ಲ. ವೀಲ್ ತಿರುಗುತ್ತಿರುವಾಗ ಲಾಕ್ ಬಟನ್ ಒತ್ತಿದರೆ ಗೇರ್ ಹಲ್ಲು ಹೋಗುತ್ತದೆ. ವಾರಕ್ಕೆ ಎರಡು ಅಂಥವು ನನ್ನ ಟೇಬಲ್‌ಗೆ ಬರುತ್ತವೆ.

ಇದೆಲ್ಲಕ್ಕಿಂತ ಮೊದಲು ಪ್ಲಗ್. ಸ್ವಿಚ್ ಅಲ್ಲ, ಪ್ಲಗ್. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ನಿಮಗೆ ಗೊತ್ತೇ ಇದೆ. ಕೆಲಸದ ನಡುವೆ ಕರೆಂಟ್ ಹೋಯಿತು, ಸ್ವಿಚ್ ಆನ್‌ನಲ್ಲೇ ಲಾಕ್ ಆಗಿ ಉಳಿಯಿತು, ಹೇಗೂ ಬಿಡುವಾಯಿತಲ್ಲ ಅಂತ ವೀಲ್ ಬಿಚ್ಚಲು ಕೂತೆ. ಕರೆಂಟ್ ಬಂತು. ನನ್ನ ಎಡಗೈ ತೋರುಬೆರಳಿನ ಉಗುರು ಇವತ್ತಿಗೂ ಎರಡು ಸೀಳಾಗಿಯೇ ಬೆಳೆಯುತ್ತದೆ. ಪ್ಲಗ್ಗಿನ ಮೂರು ಪಿನ್ ಕಣ್ಣೆದುರು ಕಾಣುವ ಹಾಗೆ ಇಟ್ಟುಕೊಂಡೇ ಪಾನಾ ಮುಟ್ಟಿ.

ಅಥಣಿ: ಮಾರ್ಬಲ್ ಕಟರ್ ಬೋಲ್ಟ್ ಬಿಡ್ತಿಲ್ಲ. ಎಷ್ಟು ತಿರುಗಿಸಿದರೂ ಇನ್ನೂ ಬಿಗಿ ಆಗ್ತಿದೆ.

ಮಿಸ್ತ್ರಿ: ಬಾಣ ನೋಡಿ. ಮೇಲೆ ಹೇಳಿದ್ದೇನೆ.

ವಿಜಯಪುರದ ಮೇಷ್ಟ್ರು: ಎಲ್ಲರಿಗೂ ಉಪಯುಕ್ತ ಮಾಹಿತಿ, ಫಾರ್ವರ್ಡ್ ಬಂದದ್ದು. "ಮೊಂಡಾದ ಬ್ಲೇಡನ್ನು ರಾತ್ರಿಯಿಡೀ ನಿಂಬೆರಸ ಮತ್ತು ಉಪ್ಪಿನ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಹೊಸದರಂತೆ ಹರಿತವಾಗುತ್ತದೆ. ಅಂಗಡಿಯವರು ಇದನ್ನು ನಿಮಗೆ ಹೇಳುವುದಿಲ್ಲ." 🙏

ಮಿಸ್ತ್ರಿ: ಮೇಷ್ಟ್ರೇ, ನಿಂಬೆಹಣ್ಣು ತುಕ್ಕು ತೆಗೆಯುತ್ತದೆ. ಹಲ್ಲು ಬೆಳೆಸುವುದಿಲ್ಲ. ಕಬ್ಬಿಣ ಕತ್ತರಿಸುವ ವೀಲನ್ನು ಯಾರಾದರೂ ಹೀಗೆ ನೀರಲ್ಲಿ ನೆನೆಸಿದರೆ ಅದು ನೀರು ಕುಡಿದು ಒಂದು ಕಡೆ ಭಾರವಾಗುತ್ತದೆ, ಅಂಟೂ ಸೋಲುತ್ತದೆ. ಓಡುವಾಗ ಒಡೆಯುತ್ತದೆ. ದಯವಿಟ್ಟು ಅಳಿಸಿ.

ಇಳಕಲ್: ಮನೆ ಮೆಟ್ಟಿಲಿಗೆ ನಮ್ಮೂರ ಕೆಂಪು ಗ್ರಾನೈಟ್ ಹಾಕುತ್ತಿದ್ದೇವೆ. ಮಾರ್ಬಲ್ ಕಟರ್‌ಗೆ ಹೊಸ ಡೈಮಂಡ್ ಬ್ಲೇಡ್ ಹಾಕಿದೆ. ಮೊದಲ ಎರಡು ಕಲ್ಲು ಬೆಣ್ಣೆ ಹಾಗೆ ಕತ್ತರಿಸಿತು. ಮೂರನೆಯದಕ್ಕೆ ಸುಮ್ನೆ ಉಜ್ಜುತ್ತಿದೆ. ಜೋರಾಗಿ ಒತ್ತಿದರೆ ಬ್ಲೇಡ್ ನೀಲಿ ಬಣ್ಣಕ್ಕೆ ತಿರುಗಿತು. ಬ್ಲೇಡ್ ಡೂಪ್ಲಿಕೇಟ್ ಇರಬಹುದಾ?

ಮಿಸ್ತ್ರಿ: ಒತ್ತುವುದನ್ನು ಮೊದಲು ನಿಲ್ಲಿಸಿ. ಡೂಪ್ಲಿಕೇಟ್ ಅಂತ ಹೇಳಲಾಗದು. ಇದು ಇಳಕಲ್ ಕಲ್ಲಿನ ಗುಣ. ಇಂಥ ಕೇಸ್ ಬಂದರೆ ನನಗೆ ಖುಷಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಡೈಮಂಡ್ ಬ್ಲೇಡಿಗೆ ಹಲ್ಲಿಲ್ಲ. ಅಂಚಿನ ಲೋಹದೊಳಗೆ ವಜ್ರದ ಪುಡಿ ಹುದುಗಿರುತ್ತದೆ, ಚಿಕ್ಕಿಯಲ್ಲಿ ಶೇಂಗಾ ಇದ್ದ ಹಾಗೆ. ಕತ್ತರಿಸುವುದು ಹೊರಗೆ ಇಣುಕುವ ಹರಳು ಮಾತ್ರ. ಅದು ಮೊಂಡಾದಾಗ ಸುತ್ತಲಿನ ಲೋಹ ಸವೆದು ಅದನ್ನು ಉದುರಿಸಬೇಕು, ಒಳಗಿನ ಹೊಸ ಹರಳು ಮೇಲೆ ಬರಬೇಕು. ಗ್ರಾನೈಟ್ ಗಟ್ಟಿ. ಹರಳನ್ನು ಬೇಗ ಮೊಂಡು ಮಾಡುತ್ತದೆ, ಲೋಹವನ್ನು ಸವೆಸುವುದಿಲ್ಲ. ಹಾಗಾಗಿ ಅಂಚು ಹೊಳಪು ಹೊಡೆದು ನುಣ್ಣಗಾಗುತ್ತದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಅಂಚಿನ ಮೇಲೆ ಉಗುರು ಎಳೆದು ನೋಡಿ. ಗಾಜಿನ ಹಾಗೆ ಜಾರಿದರೆ ಇದೇ ಕಾಯಿಲೆ. ಮರಳು ಕಾಗದದ ಹಾಗೆ ಕಚ್ಚಬೇಕು.

ಮದ್ದು ನಿಮ್ಮ ಜಿಲ್ಲೆಯಲ್ಲೇ ಇದೆ. ಬಾದಾಮಿ ಕಡೆಯ ಕೆಂಪು ಉಸುಕುಗಲ್ಲಿನ ಒಂದು ಚೂರು ಹುಡುಕಿ. ಅದು ಮೆತ್ತಗೆ, ಆದರೆ ಒರಟು. ಅದರಲ್ಲಿ ನಾಲ್ಕೈದು ಗೆರೆ ಕೊಯ್ಯಿರಿ. ಕಲ್ಲು ಲೋಹವನ್ನು ತಿನ್ನುತ್ತದೆ, ಹೊಸ ಹರಳು ಬಾಯಿ ತೆರೆಯುತ್ತದೆ. ಉಸುಕುಗಲ್ಲು ಸಿಗದಿದ್ದರೆ ಸಿಮೆಂಟ್ ಇಟ್ಟಿಗೆಯೂ ನಡೆಯುತ್ತದೆ. ಮುಂದಿನ ಸಲ ಬ್ಲೇಡ್ ಕೊಳ್ಳುವಾಗ "ಗ್ರಾನೈಟ್‌ಗೆ" ಅಂತ ಬರೆದದ್ದನ್ನೇ ಕೇಳಿ. ಗಟ್ಟಿ ಕಲ್ಲಿಗೆ ಮೆತ್ತನೆ ಲೋಹದ ಬ್ಲೇಡ್, ಮೆತ್ತನೆ ಒರಟು ಕಲ್ಲಿಗೆ ಗಟ್ಟಿ ಲೋಹದ್ದು. ಕೇಳಲು ಉಲ್ಟಾ ಅನ್ನಿಸುತ್ತದೆ ಅಲ್ವಾ?

ಒಂದೇ ಏಟಿಗೆ ಪೂರ್ತಿ ಆಳ ಹೋಗಬೇಡಿ. ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಇಳಿಯಿರಿ. ನೀರಿನ ಪೈಪು ಇರುವ ಕಟರ್ ಆದರೆ ನೀರು ಬಿಟ್ಟುಕೊಂಡೇ ಕೊಯ್ಯಿರಿ. ಪೈಪು ಇಲ್ಲದ ಮಷೀನಿಗೆ ಚೊಂಬಿನಿಂದ ಸುರಿಯಬೇಡಿ, ಶಾಕ್ ಹೊಡೆಯುತ್ತದೆ. ನೀರು ಬಳಸುವ ಕಡೆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇರಲೇಬೇಕು. ಈ ಎರಡೂ ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು, ಮಾಸ್ಕ್ ಹಾಕಿ.

ಬಾದಾಮಿ: ನಮ್ಮ ಕಲ್ಲು ಸಾಣೆಗೆ ಬಂತಾ ಈಗ! ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ ಸ್ವಾಮಿ. ಡೈಮಂಡ್ ಬ್ಲೇಡ್ ಇಲ್ಲದೆ ಕೊರೆದದ್ದು.

ಇಳಕಲ್: ಮೆತ್ತನೆ ಕಲ್ಲು, ಅದಕ್ಕೇ ಆಯಿತು. ನಮ್ಮ ಕಲ್ಲು ಕೊರೆದು ತೋರಿಸಲಿ.

ಬಾದಾಮಿ: ನಿಮ್ಮ ಕಲ್ಲು ಅಡುಗೆಮನೆ ಕಟ್ಟೆಗೆ ಸರಿ.

ಮಿಸ್ತ್ರಿ: ರಸ್ತೆ ಬದಿ ಬಿದ್ದ ಚೂರು ಅಂದೆ. ಗುಹೆ ಹತ್ತಿರ ಬ್ಲೇಡ್ ಹಿಡಿದು ಯಾರೂ ಹೋಗಬೇಡಿ.

ಗುಳೇದಗುಡ್ಡ: ಮೊಂಡಾದ ಡೈಮಂಡ್ ಬ್ಲೇಡನ್ನು ತಿರುಗಿಸಿ ಹಾಕಿದರೆ ಮತ್ತೆ ಕತ್ತರಿಸುತ್ತದೆ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ.

ಮಿಸ್ತ್ರಿ: ಬೇಡ. ಪ್ರತಿ ಹರಳಿನ ಬೆನ್ನಿಗೆ ಲೋಹದ ಒಂದು ಬಾಲ ಆಸರೆಯಾಗಿ ಉಳಿದಿರುತ್ತದೆ. ತಿರುಗಿಸಿದರೆ ಆಸರೆ ಹೋಗಿ ಹರಳು ಕಿತ್ತು ಬರುತ್ತದೆ. ಬ್ಲೇಡಿನ ಬಾಣ, ಮಷೀನಿನ ಬಾಣ ಒಂದೇ ಕಡೆ ಇರಲಿ.

ಇಂಡಿ: ಅಣ್ಣಾ, ನಮ್ಮದು ಮೋಟಾರಿನ ಕಣಿಕಿ ಕಟರ್. ಎರಡು ಬ್ಲೇಡಿನಲ್ಲಿ ಒಂದನ್ನು ಮಾತ್ರ ಸಾಣೆ ಹಿಡಿಸಿದ್ದಾರೆ ನಮ್ಮ ಮೈದುನ. ಈಗ ಇಡೀ ಮಷೀನ್ ನಡುಗುತ್ತಿದೆ. ಏನು ಮಾಡಲಿ?

ಜಮಖಂಡಿ: ಮಿಸ್ತ್ರಿ ಕಾಕಾ, ದನಗಳ ಗೋದಲಿಗೆ ಬೇವಿನ ಹಲಗೆ ಕತ್ತರಿಸಬೇಕು. 4 ಇಂಚಿನ ಗ್ರೈಂಡರ್‌ಗೆ 5 ಇಂಚಿನ ಮರದ ಬ್ಲೇಡ್ ಹಾಕಿದ್ದೇವೆ. ಗಾರ್ಡ್ ಅಡ್ಡ ಬಂತು, ತಮ್ಮ ತೆಗೆದ. ಬ್ಲೇಡಿನ ತೂತು ದೊಡ್ಡದು, ಅದಕ್ಕೆ ಸ್ಪಿಂಡಲ್‌ಗೆ ಟೇಪ್ ಸುತ್ತಿದ್ದೇವೆ. ಚೆನ್ನಾಗೇ ಓಡುತ್ತಿದೆ. ಆದರೆ ಹಲಗೆಗೆ ಇಟ್ಟಾಗ ಜಿಗಿಯುತ್ತಿದೆ. ಹಲ್ಲು ಕಡಿಮೆ ಇರುವ ಬ್ಲೇಡ್ ತರಬೇಕಾ? ಫೋಟೊ ಹಾಕಿದ್ದೇನೆ.

ಮಿಸ್ತ್ರಿ: ಈಗಲೇ ಪ್ಲಗ್ ತೆಗೆಯಿರಿ. ತೆಗೆದು ಇಲ್ಲಿ ಬರೆಯಿರಿ. ಆಮೇಲೆ ಉಳಿದದ್ದು.

ಜಮಖಂಡಿ: ತೆಗೆದೆ.

ಮಿಸ್ತ್ರಿ: ಈಗ ಓದಿ. ನಿಮ್ಮ ಫೋಟೊದಲ್ಲಿ ಕಪ್ಪು ಇನ್ಸುಲೇಷನ್ ಟೇಪು ಕಾಣುತ್ತಿದೆ, ಒಂದು ಕಡೆ ಎದ್ದು ನಿಂತಿದೆ. ಆ ಬ್ಲೇಡ್ ನಡುವಿಗೆ ಕೂತಿಲ್ಲ. ಒಂದು ಕೂದಲಷ್ಟು ಸರಿದರೂ ಅದು ಓಡುವಾಗ ಬಡಿಯುತ್ತದೆ, ಬಡಿತಕ್ಕೆ ನಟ್ ಸಡಿಲವಾಗುತ್ತದೆ. ಬಿಸಿಗೆ ಟೇಪಿನ ಅಂಟು ಕರಗಿ ಎಣ್ಣೆಯ ಹಾಗೆ ಆಗುತ್ತದೆ.

ಎರಡನೆಯದು, ಬ್ಲೇಡ್ ಮೇಲೆ ಮ್ಯಾಕ್ಸ್ 9000 ಅಂತ ಇದೆ, ನಿಮಿಷಕ್ಕೆ ಅಷ್ಟೇ ಸುತ್ತು ತಡೆಯುತ್ತದೆ. ಗ್ರೈಂಡರ್ ತಗಡಿನ ಮೇಲೆ 11000. ಎರಡೂ ನಿಮ್ಮ ಫೋಟೊದಲ್ಲೇ ಇವೆ. 5 ಇಂಚಿನ ಬ್ಲೇಡಿನ ಅಂಚು ಈ ಮಷೀನಿನಲ್ಲಿ ಗಂಟೆಗೆ 250 ಕಿ.ಮೀ. ದಾಟಿ ಓಡುತ್ತದೆ. ಬ್ಲೇಡನ್ನು ಹೊರಗೆ ಹರಿಯುವ ಬಲ ಅದು ತಡೆಯಬೇಕಾದದ್ದರ ಒಂದೂವರೆ ಪಟ್ಟು. ಬೆಸುಗೆ ಹಾಕಿದ ಒಂದು ಹಲ್ಲು ಕಿತ್ತರೆ ಅದು ಗುಂಡು. ಅದನ್ನು ತಡೆಯಬೇಕಾದ ಗಾರ್ಡ್ ನಿಮ್ಮ ತಮ್ಮನ ಹತ್ತಿರ ಇದೆ.

ಮೂರನೆಯದು, ಆ ಜಿಗಿತ. ಕಬ್ಬಿಣದ ವೀಲ್ ಉಜ್ಜುತ್ತದೆ, ಮರದ ಬ್ಲೇಡ್ ಕಚ್ಚುತ್ತದೆ. ಹಲಗೆ ಸ್ವಲ್ಪ ಬಾಗಿ ಬ್ಲೇಡನ್ನು ಹಿಡಿದರೆ ಮಷೀನೇ ಹಿಂದಕ್ಕೆ ಹಾರುತ್ತದೆ, ನಿಮ್ಮ ತೊಡೆಗೋ ಕುತ್ತಿಗೆಗೋ. ಮರ ಕೊಯ್ಯುವ ಸರ್ಕ್ಯುಲರ್ ಸಾದಲ್ಲಿ ಹಲಗೆ ಮೇಲೆ ಕೂರುವ ಅಗಲ ತಳ ಇದೆ, ತಾನೇ ಮುಚ್ಚಿಕೊಳ್ಳುವ ಗಾರ್ಡ್ ಇದೆ. ಗ್ರೈಂಡರ್‌ನಲ್ಲಿ ಏನೂ ಇಲ್ಲ. ಅದರ ಕೈ ಹಿಡಿಕೆಯೂ ಫೋಟೊದಲ್ಲಿ ಕಾಣುತ್ತಿಲ್ಲ. ಹಲ್ಲು ಕಡಿಮೆ ಇದ್ದರೆ ಇನ್ನೂ ಜಾಸ್ತಿ ಜಿಗಿಯುತ್ತದೆ. 4 ಇಂಚಿನ ಮರದ ಬ್ಲೇಡ್ ಹಾಕಲಾ ಅಂತ ಕೇಳಬೇಡಿ. ಗ್ರೈಂಡರ್‌ಗೆ ಮರದ ಹಲ್ಲಿನ ಬ್ಲೇಡೇ ಬೇಡ. ನಾಲ್ಕು ಹಲಗೆ ತಾನೇ? ಕೈಗರಗಸ ಇದೆ, ಊರಲ್ಲಿ ಬಡಿಗೇರ ಇದ್ದಾರೆ.

ಬೈಲಹೊಂಗಲ: ನಾನು ಬಡಿಗೇರ. 15 ವರ್ಷದಿಂದ ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕಿಯೇ ಚೌಕಟ್ಟು ಮಾಡುತ್ತಿದ್ದೇನೆ, ಗಾರ್ಡ್ ಇಲ್ಲದೆ. ಹತ್ತೂ ಬೆರಳು ಇವೆ. ಸುಮ್ನೆ ಹೆದರಿಸಬೇಡಿ.

ಸವದತ್ತಿ: ನಮ್ಮ ಮನೆಯವರೂ ಬಡಿಗೇರರೇ ಅಣ್ಣಾ. ಅವರೂ ಹೀಗೇ ಹೇಳುತ್ತಿದ್ದರು. ಈಗ ಎಂಟೂವರೆ ಬೆರಳು.

ಬೈಲಹೊಂಗಲ: ಕೈ ಗ್ಲೌಸ್ ಹಾಕಿರಲಿಲ್ಲ ಅನ್ನಿಸುತ್ತದೆ.

ಸವದತ್ತಿ: ಗ್ಲೌಸೇ ಸಿಕ್ಕಿಕೊಂಡದ್ದು. ನೂಲಿನದು.

ಗೋಕಾಕ: ಗ್ಲೌಸ್ ಬೇಕಾ ಬೇಡವಾ ಹಾಗಾದರೆ?

ಬೈಲಹೊಂಗಲ: ಬೇಕು.

ರಬಕವಿ: ಬೇಡ. ಕಂಪನಿ ಟ್ರೇನಿಂಗ್‌ನಲ್ಲಿ ನಮಗೆ ಬೇಡ ಅಂತಲೇ ಹೇಳಿದ್ದಾರೆ.

ಬೈಲಹೊಂಗಲ: ಟ್ರೇನಿಂಗ್‌ನವರು ಒಂದು ಕಿಟಕಿ ಮಾಡಿ ತೋರಿಸಲಿ.

ಮಿಸ್ತ್ರಿ: ಸಡಿಲ ನೂಲಿನ ಗ್ಲೌಸ್, ಹೆಗಲ ಮೇಲಿನ ಟವೆಲ್, ತೂಗುವ ತೋಳು ಯಾವುದೂ ಬೇಡ. ಕಬ್ಬಿಣ ಉಜ್ಜುವಾಗ ಕೈಗೆ ಅಂಟಿ ಕೂರುವ ಚರ್ಮದ್ದು ಆದೀತು. ಕಣ್ಣಿಗೆ ಚಷ್ಮಾ ಅಂತೂ ಬೇಕೇ ಬೇಕು. ಬಡಿಗೇರ ಅಣ್ಣಾ, ನಿಮ್ಮ ಹತ್ತು ಬೆರಳು ನಿಮ್ಮ ಕೈಚಳಕ, ಬ್ಲೇಡಿನದಲ್ಲ. ನಿಮ್ಮನ್ನು ನೋಡಿ ಜಮಖಂಡಿಯವರು ಮಾಡಿದರೆ ಯಾರ ಲೆಕ್ಕ?

ಬೈಲಹೊಂಗಲ: ರಿಪೇರಿ ಮಾಡುವವರಿಗೆ ಕೊಯ್ಯುವ ಕೆಲಸ ಏನು ಗೊತ್ತು.

ಮಿಸ್ತ್ರಿ: ಕೊಯ್ದ ಮೇಲೆ ಮಷೀನ್ ನನ್ನ ಹತ್ತಿರವೇ ಬರುತ್ತದೆ. ಒರೆಸಿ ತರುವಷ್ಟೂ ವ್ಯವಧಾನ ಇರುವುದಿಲ್ಲ ಕೆಲವರಿಗೆ.

ಚಿಕ್ಕೋಡಿ: ಸರ್ ಗ್ರೈಂಡರ್ ನಟ್ ಬಿಡ್ತಿಲ್ಲ, ಯಾವ ಕಡೆ?

ಮಿಸ್ತ್ರಿ: ಬಾಣ.

ಚಿಕ್ಕೋಡಿ: ಯಾವ ಬಾಣ?

ಮುಧೋಳ: ಮೇಲೆ ಓದ್ರಿ. ನನ್ನದು ಬಿಟ್ಟಿತು. ಕೈ ಏಟಿಗೇ.

ಹುನಗುಂದ: ನಮ್ಮ ಮಿಕ್ಸರ್ ಜಾರ್ ಬ್ಲೇಡ್ ಶೇಂಗಾ ಹಿಂಡಿ ಸರಿಯಾಗಿ ಮಾಡುತ್ತಿಲ್ಲ. ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತ ಆಗುತ್ತದಾ?

ರಬಕವಿ: ಅಕ್ಕಾ, ಇದು ಪವರ್ ಟೂಲ್ ಗುಂಪು. ಅಡುಗೆ ಗುಂಪಲ್ಲ.

ಹುನಗುಂದ: ಮಿಕ್ಸರ್ ಏನು ಕೈಯಲ್ಲಿ ತಿರುಗುತ್ತದಾ? ಅದಕ್ಕೂ ಮೋಟಾರು ಇದೆ, ಬ್ಲೇಡೂ ಇದೆ. ನಿಮ್ಮ ಗ್ರೈಂಡರ್‌ಗಿಂತ ದಿನಾ ಜಾಸ್ತಿ ಓಡುತ್ತದೆ.

ಸವದತ್ತಿ: ಸರಿಯಾಗಿ ಹೇಳಿದಿರಿ.

ವಿಜಯಪುರದ ಮೇಷ್ಟ್ರು: ಇನ್ನೊಂದು ಫಾರ್ವರ್ಡ್. "ಬಿರುಕು ಬಿಟ್ಟ ಕಟಿಂಗ್ ವೀಲನ್ನು ಎಸೆಯಬೇಡಿ. ಬಿರುಕಿಗೆ ಫೆವಿಕ್ವಿಕ್ ಹಾಕಿ ಮೇಲೆ ಅಡುಗೆ ಸೋಡಾ ಉದುರಿಸಿ. ಕಲ್ಲಿನಷ್ಟು ಗಟ್ಟಿ."

ಮಿಸ್ತ್ರಿ: ಮೇಷ್ಟ್ರೇ, ಸಾಕು. 20-30 ರೂಪಾಯಿಯ ವೀಲ್ ಅದು. ಬಿರುಕು ಕಂಡರೆ ಎರಡು ತುಂಡು ಮಾಡಿ ಎಸೆಯಿರಿ, ಇನ್ನೊಬ್ಬರು ಎತ್ತಿ ಹಾಕಿಕೊಳ್ಳದ ಹಾಗೆ. ಇದನ್ನು ಬರೆದವನು ಒಮ್ಮೆಯೂ ಗ್ರೈಂಡರ್ ಹಿಡಿದಿಲ್ಲ. ನೀವೂ ಹಿಡಿದಿಲ್ಲ.

ವಿಜಯಪುರದ ಮೇಷ್ಟ್ರು: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು? ಒಳ್ಳೇದಾಗಲಿ ಅಂತ ಹಾಕಿದ್ದು.

ಮಿಸ್ತ್ರಿ: ಹಿರಿಯರು ಅಂತಲೇ ಇಷ್ಟಕ್ಕೆ ನಿಲ್ಲಿಸಿದೆ.

ಅಡ್ಮಿನ್: ಮೇಷ್ಟ್ರ ಎರಡೂ ಫಾರ್ವರ್ಡ್ ಅಳಿಸಿದ್ದೇನೆ. ಬೇಜಾರು ಬೇಡ.

ತಾಳಿಕೋಟೆ: ಜಿಗ್ ಸಾ ಬ್ಲೇಡ್ ತಂದೆ, ಕೂರುತ್ತಿಲ್ಲ. ಹಿಡಿಯ ತುದಿಯಲ್ಲಿ ತೂತು ಇದೆ.

ಮಿಸ್ತ್ರಿ: ಅದು ಯು ಶ್ಯಾಂಕ್. ಶ್ಯಾಂಕ್ ಅಂದರೆ ಮಷೀನಿನೊಳಗೆ ಕೂರುವ ಬ್ಲೇಡಿನ ಹಿಡಿ. ನಿಮ್ಮ ಮಷೀನ್ ಟಿ ಶ್ಯಾಂಕಿನದು ಇರಬೇಕು. ಹಳೇ ಬ್ಲೇಡ್ ಅಂಗಡಿಗೆ ತೆಗೆದುಕೊಂಡು ಹೋಗಿ, ಅದೇ ಆಕಾರದ್ದು ತನ್ನಿ. ಹಲ್ಲು ಮೇಲ್ಮುಖವಾಗಿದ್ದರೆ ಮೇಲಿನ ಪದರ ಸಿಡಿಯುತ್ತದೆ, ಪ್ಲೈವುಡ್‌ನ ಒಳ್ಳೆ ಮುಖ ಕೆಳಗೆ ಮಾಡಿ ಕೊಯ್ಯಿರಿ.

ಇಂಡಿ: ನನ್ನ ಕಣಿಕಿ ಕಟರ್ ಪ್ರಶ್ನೆ ಯಾರೂ ನೋಡಲಿಲ್ಲ.

ಚಿಕ್ಕೋಡಿ: ಬಾಣ ಸಿಕ್ಕಿತು. ಗೇರ್ ಬಾಕ್ಸ್ ಮೇಲೆ, ಗ್ರೀಸ್ ಕೆಳಗೆ ಇತ್ತು.

ಜಮಖಂಡಿ: ಕಾಕಾ, ಬ್ಲೇಡ್ ಬಿಚ್ಚಿದೆ. ಟೇಪ್ ನೀವು ಹೇಳಿದ ಹಾಗೆ ಮೆತ್ತಗಾಗಿ ಬೆರಳಿಗೆ ಅಂಟಿತು. ತಮ್ಮ ಸಿಟ್ಟಾಗಿದ್ದಾನೆ. ಗಾರ್ಡ್ ಸಿಕ್ಕಿತು, ಕೊಟ್ಟಿಗೆಯ ಗೂಟಕ್ಕೆ ತೂಗು ಹಾಕಿದ್ದ. ಅದರ ಸ್ಕ್ರೂ ಇಲ್ಲ. ತಂತಿ ಕಟ್ಟಲಾ?

ಮಿಸ್ತ್ರಿ: ತಂತಿ ಬೇಡ. ಗಾರ್ಡಿನ ಪಟ್ಟಿ, ಸ್ಕ್ರೂ ತೂತು ಎರಡೂ ಕಾಣುವ ಹಾಗೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ಕಳಿಸಿ. ನಾಳೆ ಅಂಗಡಿ ತೆಗೆದ ಮೇಲೆ ಡಬ್ಬಿಯಲ್ಲಿ ಹುಡುಕುತ್ತೇನೆ. ಅಲ್ಲಿಯವರೆಗೆ ಮಷೀನ್ ನಿಮ್ಮ ಹತ್ತಿರ ಇರಲಿ, ತಮ್ಮನ ಹತ್ತಿರ ಬೇಡ.