ಗ್ಯಾಸ್ ರೇಟು ಯಾರ ಕೈಲಿದೆ? ಮಕ್ಕಳಿಗೆ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ. ಭಾನುವಾರದಿಂದ ನಮ್ಮ ಗುಂಪಿನಲ್ಲಿ ಗ್ಯಾಸ್ ರೇಟಿನ ಬಗ್ಗೆ (ಇಲ್ಲಿ ಅಮೆರಿಕದಲ್ಲಿ ಪೆಟ್ರೋಲಿಗೇ ಗ್ಯಾಸ್ ಅನ್ನೋದು) ನಡೆಯುತ್ತಿರುವ ಮಾತುಕತೆಯನ್ನು ಓದುತ್ತಲೇ ಇದ್ದೇನೆ. ಡಲ್ಲಾಸ್‌ನ ಅಣ್ಣ "ನಮ್ಮ ನೆಲದಲ್ಲೇ ಎಣ್ಣೆ ಬಾವಿ ಕೊರೆದರೆ ಗ್ಯಾಸ್ ರೇಟು ತಾನಾಗೇ ಇಳಿಯುತ್ತೆ" ಎಂದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಅಕ್ಕ "ಎಷ್ಟು ಕೊರೆದರೂ ಕಂಪನಿಗಳ ಜೇಬು ತುಂಬುತ್ತೆ ಅಷ್ಟೇ" ಎಂದರು. ಈ ಜಗಳದ ನಡುವೆ, ಹೋದ ವರ್ಷ ಇಲ್ಲಿಗೆ ಬಂದ ತಂಗಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಐದನೇ ಕ್ಲಾಸಿನ ಅವರ ಮಗ ಸ್ಕೂಲ್ ಬಸ್ಸಿನಲ್ಲಿ ಇದನ್ನೇ ಕೇಳಿಸಿಕೊಂಡು ಬರುತ್ತಾನಂತೆ. "ಗ್ಯಾಸ್ ದುಬಾರಿ ಮಾಡೋದು ಪ್ರೆಸಿಡೆಂಟಾ ಅಮ್ಮ?" ಎಂದು ಕೇಳುತ್ತಾನಂತೆ. ಏನು ಹೇಳಲಿ ಎಂಬ ಆ ತಂಗಿಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಅದು ನನಗೆ ಬೇಜಾರಾಯಿತು.

ನಾವು ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಹತ್ತಿರ ಬಂದು ಹದಿನಾಲ್ಕು ವರ್ಷ ಆಯಿತು. ಯಜಮಾನರ ಕೆಲಸ ಎಣ್ಣೆಗೆ ಸಂಬಂಧಪಟ್ಟದ್ದು. ಈ ರೇಟಿನ ಏರಿಳಿತದ ಮಧ್ಯದಲ್ಲೇ ಮಗಳನ್ನು ಬೆಳೆಸಿದ್ದೇವೆ. ಅದಕ್ಕೆ ಉದ್ದವಾಗಿ ಬರೆಯುತ್ತಿದ್ದೇನೆ, ಓದಿ.

ಮೊದಲು ನಮ್ಮ ಮನೆಯದ್ದು. 2020ರ ಏಪ್ರಿಲ್. ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ರೇಟು (ಮುಂದೆ ಎಣ್ಣೆ ಕೊಡುವ ಕರಾರಿನ ರೇಟು) ಸೊನ್ನೆಗಿಂತ ಕೆಳಗೆ ಹೋಯಿತು. ಬ್ಯಾರೆಲ್‌ಗೆ ಮೈನಸ್ 37 ಡಾಲರ್ 63 ಸೆಂಟ್. ಎಣ್ಣೆ ತುಂಬಿಸಿಡಲು ಜಾಗ ಸಿಗದೆ, ತೆಗೆದುಕೊಂಡು ಹೋಗುವವರಿಗೆ ಮಾರುವವರೇ ದುಡ್ಡು ಕೊಡುವ ಸ್ಥಿತಿ. ಆ ವಾರ ಹಾಲು ತರಲು ಕಾರಿನಲ್ಲಿ ಹೊರಟಿದ್ದೆವು. ಒಂಬತ್ತು ವರ್ಷದ ಮಗಳು ಗ್ಯಾಸ್ ಸ್ಟೇಷನ್ ಬೋರ್ಡು ನೋಡಿ ಹಿಂದಿನ ಸೀಟಿನಲ್ಲೇ ಕುಣಿದಳು. "ಅಪ್ಪ, ಎಷ್ಟು ಚೀಪ್ ಆಗಿದೆ ನೋಡು! ಎಲ್ಲಾದರೂ ದೂರ ಹೋಗೋಣ." ಅವರು ಏನೂ ಮಾತಾಡಲಿಲ್ಲ. ಎರಡು ದಿನದ ಹಿಂದೆ, ಹತ್ತು ನಿಮಿಷದ ಒಂದು ಫೋನಿನಲ್ಲಿ ಅವರ ಕೆಲಸ ಹೋಗಿತ್ತು. ಮಗಳಿಗೆ ಇನ್ನೂ ಹೇಳಿರಲಿಲ್ಲ.

ಎಚ್-1ಬಿ ವೀಸಾದಲ್ಲಿರುವವರಿಗೆ ಗೊತ್ತು. ಕೆಲಸ ಹೋದರೆ 60 ದಿನ ಅವಕಾಶ. ಅಷ್ಟರಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ನಾನು ದಿನಕ್ಕೊಂದು ಗೆರೆ ಎಳೆಯುತ್ತಿದ್ದೆ. 47ನೇ ಗೆರೆಯ ದಿನ ಪೈಪ್‌ಲೈನ್ ಕಂಪನಿಯೊಂದರಿಂದ ಕರೆ ಬಂತು. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಮೂರು ಮನೆಗಳ ಮುಂದೆ ಮಾರಾಟದ ಬೋರ್ಡು ಎದ್ದಿತ್ತು. ಗ್ಯಾಸ್ ಇಳಿದರೆ ದೇಶಕ್ಕೆಲ್ಲ ಖುಷಿ, ನಿಜ. ಆದರೆ ತೀರಾ ಇಳಿದಾಗ ಇಲ್ಲಿ ಮನೆಗಳು ಖಾಲಿಯಾಗುತ್ತವೆ. ಅಗ್ಗ ಒಳ್ಳೆಯದು, ದುಬಾರಿ ಕೆಟ್ಟದ್ದು ಎಂದು ಮಗಳಿಗೆ ಒಂದೇ ಮಾತಿನಲ್ಲಿ ಹೇಳಿಕೊಡಲು ನನಗೆ ಆಮೇಲೆ ಬಾಯಿ ಬರಲಿಲ್ಲ.

ಈಗ ಅವಳು ಹೈಸ್ಕೂಲು, ಡಿಬೇಟ್ ತಂಡದಲ್ಲಿದ್ದಾಳೆ. ಈ ಸಲದ ವಿಷಯ ಇದೇ: ದೇಶದೊಳಗೆ ಎಣ್ಣೆ ಬಾವಿ ಹೆಚ್ಚಿಸಬೇಕೇ, ಬೇಡವೇ? ಯಾವ ಕಡೆ ಮಾತಾಡಬೇಕು ಅನ್ನೋದು ನಾಣ್ಯ ಚಿಮ್ಮಿದ ಮೇಲೆಯೇ ಗೊತ್ತಾಗುತ್ತದೆ. ಹಾಗಾಗಿ ಎರಡೂ ಕಡೆ ಓದಬೇಕು. ಮೊನ್ನೆ ರಾತ್ರಿ ಊಟ ಮುಗಿದ ಮೇಲೆ ಟೇಬಲ್ ಒರೆಸಿ, ಗ್ಯಾಸ್ ಹಾಕಿಸಿದ ರಸೀದಿ ಇಟ್ಟುಕೊಂಡು ಮೂವರೂ ಕೂತೆವು.

ರಸೀದಿಯಲ್ಲಿ ಗ್ಯಾಲನ್‌ಗೆ (ಸುಮಾರು 3.8 ಲೀಟರ್) 2 ಡಾಲರ್ 89 ಸೆಂಟ್, ಅದರ ಪಕ್ಕ ಆ ಪುಟ್ಟ 9. ಅದು ಸೆಂಟಿನ ಹತ್ತರಲ್ಲಿ ಒಂಬತ್ತು ಭಾಗ. ಒಂದು ಬ್ಯಾರೆಲ್ ಅಂದರೆ 42 ಗ್ಯಾಲನ್. ಕಚ್ಚಾ ತೈಲ ಬ್ಯಾರೆಲ್‌ಗೆ 70 ಡಾಲರ್ ಎಂದು ಇಟ್ಟುಕೊಳ್ಳಿ. 70ನ್ನು 42ರಿಂದ ಭಾಗಿಸಿದರೆ ಗ್ಯಾಲನ್‌ಗೆ 1 ಡಾಲರ್ 67 ಸೆಂಟ್. ಕೇಂದ್ರದ ತೆರಿಗೆ 18.4 ಸೆಂಟ್. ಇದು 1993ರಿಂದ ಬದಲಾಗೇ ಇಲ್ಲ. ಟೆಕ್ಸಸ್ ತೆರಿಗೆ 20 ಸೆಂಟ್. ಎಲ್ಲ ಕಳೆದರೆ ಸುಮಾರು 85 ಸೆಂಟ್ ಉಳಿಯಿತು. ಅದರಲ್ಲಿ ರಿಫೈನರಿ, ಪೈಪ್‌ಲೈನ್, ಟ್ಯಾಂಕರ್ ಲಾರಿ, ಅಂಗಡಿಯವನು ಎಲ್ಲರೂ ಬರಬೇಕು. ಮಗಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಅಂದರೆ ಅರ್ಧಕ್ಕಿಂತ ಜಾಸ್ತಿ ಆ 70 ಡಾಲರೇ. ಆ 70 ಯಾರು ಹೇಳ್ತಾರೆ?"

ಇಡೀ ಜಗಳ ಇರುವುದು ಆ ಪ್ರಶ್ನೆಯಲ್ಲೇ. ಪ್ರಪಂಚ ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಎಣ್ಣೆ ಉರಿಸುತ್ತದೆ. ಅಮೆರಿಕ ಒಂದೇ ಸುಮಾರು 2 ಕೋಟಿ ಬಳಸುತ್ತದೆ. 2023ರಲ್ಲಿ ಇಲ್ಲಿಯ ಬಾವಿಗಳು ದಿನಕ್ಕೆ 1 ಕೋಟಿ 29 ಲಕ್ಷ ಬ್ಯಾರೆಲ್ ಕಚ್ಚಾ ತೈಲ ಕೊಟ್ಟವು. ಅಲ್ಲಿಯವರೆಗೆ ಯಾವ ದೇಶವೂ ಒಂದು ವರ್ಷದಲ್ಲಿ ಅಷ್ಟು ತೆಗೆದಿರಲಿಲ್ಲ. ಆದರೂ ಇಲ್ಲಿ ತೆಗೆದದ್ದು ಇಲ್ಲಿಗೇ ಅಗ್ಗವಾಗಿ ಸಿಗುವುದಿಲ್ಲ. 1975ರಿಂದ ಕಚ್ಚಾ ತೈಲದ ರಫ್ತಿಗೆ ಇದ್ದ ತಡೆಯನ್ನು 2015ರ ಡಿಸೆಂಬರಿನಲ್ಲಿ ತೆಗೆದರು. ಟೆಕ್ಸಸ್ ಬಾವಿಯ ಎಣ್ಣೆ ಹಡಗು ಹತ್ತಿ, ಜಾಸ್ತಿ ಕೊಡುವವನ ಹತ್ತಿರ ಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಇಲ್ಲಿಯ ಶೇಲ್ ಎಣ್ಣೆ, ಅಂದರೆ ಬಂಡೆಪದರ ಸೀಳಿ ತೆಗೆಯುವ ಎಣ್ಣೆ, ತೆಳು. ಇಲ್ಲಿಯ ಗಲ್ಫ್ (ಮೆಕ್ಸಿಕೊ ಕೊಲ್ಲಿ) ಕರಾವಳಿಯ ಎಷ್ಟೋ ರಿಫೈನರಿಗಳನ್ನು ಕಟ್ಟಿದ್ದು ದಪ್ಪ ಎಣ್ಣೆಗೆ. ಹಾಗಾಗಿ ತೆಳುವಾದದ್ದನ್ನು ಮಾರುತ್ತಾರೆ, ಕೆನಡಾದಿಂದ ದಪ್ಪದ್ದನ್ನು ತರಿಸುತ್ತಾರೆ.

ಯಜಮಾನರು ಕೋಲಾರದ ಕಡೆಯವರು. ಅವರ ತಂದೆ ಟೊಮೆಟೊ ಬೆಳೆಯುತ್ತಿದ್ದರು. ಮಗಳಿಗೆ ಅವರು ಹೇಳಿದ್ದು ಹೀಗೆ: "ರೇಟು ಬಂತು ಅಂತ ಎಲ್ಲರೂ ಟೊಮೆಟೊ ಹಾಕ್ತಾರೆ. ಕುಯ್ಲಿಗೆ ಬರೋ ಹೊತ್ತಿಗೆ ಮಂಡಿಯಲ್ಲಿ ಕೇಳೋರಿಲ್ಲ. ರಸ್ತೆಗೆ ಸುರಿದು ಬರ್ತಾರೆ. ಮುಂದಿನ ಸಲ ಯಾರೂ ಹಾಕಲ್ಲ, ಆಗ ರೇಟು ಏರುತ್ತೆ." 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದ್ದು ನಿಮಗೂ ನೆನಪಿರಬಹುದು. ಎಣ್ಣೆ ಬಾವಿಯ ಕಥೆಯೂ ಇದೇ. ಬ್ಯಾರೆಲ್‌ಗೆ ಸರಾಸರಿ 65 ಡಾಲರ್ ಆಸುಪಾಸು ಸಿಕ್ಕರೆ ಮಾತ್ರ ಹೊಸ ಬಾವಿ ಕೊರೆಯುವುದು ಗಿಟ್ಟುತ್ತದೆ ಎಂದು 2025ರ ಡಲ್ಲಾಸ್ ಫೆಡರಲ್ ರಿಸರ್ವ್ (ಅಮೆರಿಕದ ಕೇಂದ್ರ ಬ್ಯಾಂಕಿನ ಡಲ್ಲಾಸ್ ಘಟಕ) ಸಮೀಕ್ಷೆಯಲ್ಲಿ ಕಂಪನಿಗಳೇ ಹೇಳಿವೆ. ಕೊರೆದೂ ಕೊರೆದೂ ರೇಟು ಅದಕ್ಕಿಂತ ಕೆಳಗೆ ಬಿತ್ತು ಅಂದರೆ, ಹೊಸದಾಗಿ ಕೊರೆಯುವುದನ್ನು ಅವರೇ ಕಡಿಮೆ ಮಾಡುತ್ತಾರೆ.

ಹಾಗಂತ ಡಲ್ಲಾಸ್ ಅಣ್ಣನ ಮಾತು ಸುಳ್ಳಲ್ಲ. 2008ರ ಜುಲೈನಲ್ಲಿ ಕಚ್ಚಾ ತೈಲ 147 ಡಾಲರ್ ಮುಟ್ಟಿತು, ಗ್ಯಾಸ್ ದೇಶದ ಸರಾಸರಿ 4 ಡಾಲರ್ ದಾಟಿತು. ಆ ಸೆಪ್ಟೆಂಬರಿನ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಅದರ ಮುಖಂಡ ಮೈಕಲ್ ಸ್ಟೀಲ್ "ಡ್ರಿಲ್, ಬೇಬಿ, ಡ್ರಿಲ್" (ಕೊರೆಯಿರಿ, ಕೊರೆಯಿರಿ) ಎಂದು ಕೂಗಿಸಿದರು. ಆಗ ಇಲ್ಲಿ ದಿನಕ್ಕೆ 50 ಲಕ್ಷ ಬ್ಯಾರೆಲ್ ಬರುತ್ತಿತ್ತು. ಟೆಕ್ಸಸ್‌ನಲ್ಲಿ, ನಾರ್ತ್ ಡಕೋಟಾದಲ್ಲಿ ಬಂಡೆ ಸೀಳಿ, ಅಡ್ಡಕ್ಕೆ ಕೊರೆದು ಎಣ್ಣೆ ತೆಗೆಯುವುದು ಶುರುವಾಯಿತು. 2015ಕ್ಕೆ 90 ಲಕ್ಷ ದಾಟಿತು. ಉತ್ಪಾದನೆ ಕಡಿಮೆ ಮಾಡಲ್ಲ ಎಂದು ಒಪೆಕ್ (ಎಣ್ಣೆ ರಫ್ತು ಮಾಡುವವರ ಕೂಟ) ದೇಶಗಳು 2014ರ ನವೆಂಬರಿನಲ್ಲಿ ಪಟ್ಟು ಹಿಡಿದವು. 100 ಡಾಲರ್ ಮೇಲಿದ್ದ ಬ್ಯಾರೆಲ್ 2016ರ ಮೊದಲಿಗೆ 30ಕ್ಕಿಂತ ಕೆಳಗೆ ಬಂತು. ಗ್ಯಾಸ್ 2 ಡಾಲರಿಗಿಂತ ಕಡಿಮೆಗೆ ಸಿಕ್ಕಿತು. ಕೊರೆದದ್ದಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ಆದರೆ ಅದಕ್ಕೆ ಏಳೆಂಟು ವರ್ಷ ಹಿಡಿಯಿತು, ಹೆಚ್ಚಿನದು ನಡೆದದ್ದು ಖಾಸಗಿ ಜಮೀನಿನಲ್ಲಿ. ಇಂಡಿಯಾದಲ್ಲಿ ನೆಲದೊಳಗಿನ ಎಣ್ಣೆ ಸರ್ಕಾರದ್ದು. ಇಲ್ಲಿ ಜಮೀನಿನವನೇ ಅದಕ್ಕೂ ಯಜಮಾನ ಆಗಿರಬಹುದು. ನಮ್ಮಲ್ಲಿ ತೋಟದಲ್ಲಿ ಬೋರ್ ಕೊರೆಸಿದ ಹಾಗೆ, ಇಲ್ಲಿ ಕಂಪನಿಗೆ ಬರೆದುಕೊಟ್ಟು ಎಣ್ಣೆಗೆ ಕೊರೆಸುತ್ತಾರೆ.

ಅಕ್ಕನ ಮಾತೂ ಸುಳ್ಳಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಜೂನ್‌ನಲ್ಲಿ ಗ್ಯಾಸ್ ದೇಶದ ಸರಾಸರಿ ಮೊದಲ ಸಲ 5 ಡಾಲರ್ ಮುಟ್ಟಿತು. ಆಗ ಇಲ್ಲಿ ಎಣ್ಣೆಗೇನೂ ಬರ ಇರಲಿಲ್ಲ. ಆ ವರ್ಷ ಎಕ್ಸಾನ್ ಮೊಬಿಲ್ ಎಂಬ ಎಣ್ಣೆ ಕಂಪನಿಯ ಲಾಭ 55 ಬಿಲಿಯನ್ ಡಾಲರ್ ದಾಟಿತು. 2016ರಲ್ಲೂ 2020ರಲ್ಲೂ ಕೈ ಸುಟ್ಟುಕೊಂಡ ಕಂಪನಿಗಳು ಸಿಕ್ಕ ದುಡ್ಡನ್ನು ಹೊಸ ಬಾವಿಗೆ ಸುರಿಯದೆ ಷೇರುದಾರರಿಗೆ ಹಂಚಿದವು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಕಷ್ಟ, ಅಲ್ವಾ ಅಕ್ಕ? ರಾಜ್ಯದ ಎಕ್ಸೈಸ್ ತೆರಿಗೆಯೇ 60 ಸೆಂಟ್ ಆಸುಪಾಸು. ಅಲ್ಲಿಗೆ ಬೇರೆ ಥರದ ಗ್ಯಾಸೇ ತಯಾರಾಗಬೇಕು. ಟೆಕ್ಸಸ್ ಕಡೆಯಿಂದ ಕೊರತೆ ತುಂಬಿಸಲು ಸರಿಯಾದ ಪೈಪ್‌ಲೈನ್ ಇಲ್ಲ.

ಇನ್ನು ಪ್ರೆಸಿಡೆಂಟ್ ವಿಷಯ. ಬೈಡನ್ ಬಂದ ತಿಂಗಳಲ್ಲೇ ಸರ್ಕಾರಿ ಜಮೀನಿನಲ್ಲಿ ಎಣ್ಣೆ ತೆಗೆಯುವ ಹೊಸ ಲೀಸ್ (ಗುತ್ತಿಗೆ) ತಡೆಹಿಡಿದರು. 2023ರ ಆ ದಾಖಲೆ ಉತ್ಪಾದನೆ ಆದದ್ದೂ ಅವರ ಕಾಲದಲ್ಲೇ. ಟ್ರಂಪ್ 2025ರ ಜನವರಿ 20ರ ಭಾಷಣದಲ್ಲಿ "ಡ್ರಿಲ್, ಬೇಬಿ, ಡ್ರಿಲ್" ಎಂಬ ಅದೇ ಹಳೆಯ ಘೋಷಣೆ ಕೂಗಿದರು. ಅದೇ ತಿಂಗಳ ಮೊದಲಲ್ಲಿ ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮದ ಲೀಸ್ ಹರಾಜು ಇತ್ತು. ಒಬ್ಬರೂ ಬಿಡ್ ಹಾಕಲಿಲ್ಲ. ಆ ಜಾಗದಲ್ಲಿ ಕೊರೆಯಬೇಕೇ ಬೇಡವೇ ಎಂದು ವಾಷಿಂಗ್ಟನ್‌ನಲ್ಲಿ ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಗುದ್ದಾಡಿದ್ದಾರೆ. ಕ್ಯಾರಿಬೂ (ಹಿಮಸಾರಂಗ) ಹಿಂಡನ್ನೇ ನಂಬಿದ ಗ್ವಿಚಿನ್ ಎಂಬ ಮೂಲನಿವಾಸಿ ಜನ ಬೇಡ ಅನ್ನುತ್ತಾರೆ. ಅಲ್ಲೇ ಇರುವ ಇನುಪಿಯಾಟ್ ಜನರಲ್ಲಿ ಹಲವರು ಬೇಕು ಅನ್ನುತ್ತಾರೆ. ಮಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ಅವರವರ ಬದುಕಿನ ಪ್ರಶ್ನೆ ಇದು, ನಮ್ಮ ಬೋರ್ಡಿನ ರೇಟಿನದ್ದಲ್ಲ ಎಂದಳು.

ತಂಗಿ, ನಿಮ್ಮ ಮಗನಿಗೆ ಇಷ್ಟು ಹೇಳಿ ಸಾಕು. ದೇಶದ ಎಣ್ಣೆಯಲ್ಲಿ ಸುಮಾರು ಕಾಲು ಭಾಗ ಬರುವುದು ಸರ್ಕಾರಿ ಜಮೀನು, ಸರ್ಕಾರಿ ಸಮುದ್ರದಿಂದ. ಅದರ ಲೀಸ್ ಪ್ರೆಸಿಡೆಂಟ್ ಸರ್ಕಾರದ ಕೈಲಿದೆ. ತುರ್ತಿಗೆಂದು ಸರ್ಕಾರ ಕೂಡಿಟ್ಟ ಉಗ್ರಾಣದ ಎಣ್ಣೆಯೂ ಅವರ ಕೈಲಿದೆ. 2022ರಲ್ಲಿ ಟೆಕ್ಸಸ್, ಲೂಸಿಯಾನಾದ ಉಪ್ಪಿನ ಗುಹೆಗಳಿಂದ 18 ಕೋಟಿ ಬ್ಯಾರೆಲ್ ಹೊರಗೆ ಬಿಟ್ಟದ್ದು ಹಾಗೆಯೇ. ನನ್ನ ತವರು ಕಾಪು ಕಡೆ. ಅಲ್ಲಿ ಪಾದೂರಿನಲ್ಲಿ ಬಂಡೆ ಕೊರೆದು ಇಂಡಿಯಾದ ಇಂಥದೇ ಉಗ್ರಾಣ ಕಟ್ಟಿದ್ದಾರೆ, ಮಂಗಳೂರಿನಲ್ಲೂ ಇದೆ. ಮಗಳಿಗೆ ಅಜ್ಜಿಮನೆ ನೆಪದಲ್ಲಿ ಇದು ಬೇಗ ತಲೆಗೆ ಹೋಯಿತು. ಉಳಿದದ್ದು ಯುದ್ಧ, ಚಂಡಮಾರುತ, ಕಂಪನಿಗಳ ಲೆಕ್ಕ, ನಾವು ಎಷ್ಟು ಓಡಿಸುತ್ತೇವೆ ಅನ್ನೋದು. ಒಬ್ಬ ಮನುಷ್ಯನ ಹೆಸರು ಹೇಳಿ ಬೈದುಬಿಟ್ಟರೆ ಮಗು ಅದನ್ನೇ ಬಸ್ಸಿನಲ್ಲಿ ಹೇಳುತ್ತದೆ. ಮುಂದೆ ಇಲ್ಲಿ ಓಟು ಹಾಕುವವರು ಈ ಮಕ್ಕಳೇ. ದಯವಿಟ್ಟು ಮಕ್ಕಳ ಮುಂದೆ ಸುಮ್ನೆ ಪಾರ್ಟಿಗಳ ಕೂಗನ್ನೇ ಕೂಗಬೇಡಿ.

ಎಣ್ಣೆಯ ಅನ್ನ ತಿಂದವರು ನಾವು, ಅದನ್ನೂ ಮಗಳಿಂದ ಮುಚ್ಚಿಟ್ಟಿಲ್ಲ. ಒಂದು ಸಲ ಟೆಕ್ಸಸ್ ಎಣ್ಣೆ ಸೀಮೆಯ ಮಿಡ್‌ಲ್ಯಾಂಡ್ ದಾರಿಯಲ್ಲಿ ಕಾರ್ಲ್ಸ್‌ಬ್ಯಾಡ್ ಗುಹೆ ನೋಡಲು ಹೋಗಿದ್ದೆವು. ಕಣ್ಣು ಹಾಯಿಸಿದಷ್ಟೂ ಪಂಪ್‌ಜಾಕ್‌ಗಳು (ಬಾವಿಯಿಂದ ಎಣ್ಣೆ ಎತ್ತುವ ಯಂತ್ರಗಳು) ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದವು. ರಾತ್ರಿ ಅಲ್ಲಲ್ಲಿ ಬಾವಿಯ ಅನಿಲ ಉರಿಯುವ ಜ್ವಾಲೆ. ಆಸ್ಟಿನ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಸಾಂತಾ ರೀಟಾ ಬಾವಿಯ ಹಳೇ ಯಂತ್ರ ನಿಲ್ಲಿಸಿದ್ದಾರೆ. 1923ರಲ್ಲಿ ಯೂನಿವರ್ಸಿಟಿ ಜಮೀನಿನಲ್ಲಿ ಎಣ್ಣೆ ಚಿಮ್ಮಿದ್ದು ಅದರಿಂದ. ಇಲ್ಲಿಯ ದೊಡ್ಡ ಯೂನಿವರ್ಸಿಟಿಗಳಿಗೆ ಇಂದಿಗೂ ಆ ದುಡ್ಡು ಬರುತ್ತದೆ. ಮಗಳು ಓದಬೇಕು ಅಂದುಕೊಂಡಿರುವುದೂ ಅಲ್ಲೇ.

ಇನ್ನೊಂದು ಸಲ ಗ್ಯಾಲ್ವೆಸ್ಟನ್ ಬೀಚಿನಿಂದ ಬಂದಾಗ ಅವಳ ಹಿಮ್ಮಡಿಗೆ ಕಪ್ಪು ಟಾರು ಮೆತ್ತಿಕೊಂಡಿತ್ತು. ಸೋಪಿಗೆ ಹೋಗಲಿಲ್ಲ. ನಮ್ಮ ಕಡಲತೀರದಲ್ಲಿ ಮಳೆಗಾಲದ ಹೊತ್ತಿಗೆ ಬರುವ ಟಾರಿಗೆ ಅಮ್ಮ ಮಾಡುತ್ತಿದ್ದ ಹಾಗೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದೆ. ಸಮುದ್ರದ ತಳದಿಂದ ತಾನಾಗೇ ಒಸರುವ ಎಣ್ಣೆಯೂ ಹೀಗೆ ದಡಕ್ಕೆ ಬರುತ್ತದೆ. ಆದರೆ ಅವಳು ಕೇಳಿದ್ದು 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಸಮುದ್ರದ ಎಣ್ಣೆ ಕೊರೆಯುವ ಕಟ್ಟೆ ಸ್ಫೋಟಗೊಂಡದ್ದರ ಬಗ್ಗೆ. ಇದೇ ಗಲ್ಫ್‌ನಲ್ಲಿ 11 ಜನ ಕೆಲಸಗಾರರು ಸತ್ತರು, 87 ದಿನ ಎಣ್ಣೆ ಸೋರಿತು. ಅವಳಪ್ಪ ಅವತ್ತು ಬಹಳ ಹೊತ್ತು ಅವಳ ಜೊತೆ ಕೂತು ಎಲ್ಲ ಹೇಳಿದರು. ಏನನ್ನೂ ಸಣ್ಣದು ಮಾಡಿ ಹೇಳಲಿಲ್ಲ.

ಶನಿವಾರ ಅವಳ ಡಿಬೇಟ್ ಇದೆ. ಬೇರೆ ಬೇರೆ ರಾಜ್ಯಗಳ ರಸೀದಿ ಹೋಲಿಸಬೇಕಂತೆ. ಅಕ್ಕ, ನಿಮ್ಮ ಕಡೆಯದೊಂದು ಫೋಟೊ ಹಾಕಿ. ಡಲ್ಲಾಸ್ ಅಣ್ಣ, ನೀವೂ ಕಳಿಸಿ. ನ್ಯೂಜೆರ್ಸಿ, ಒಹಾಯೊ ಕಡೆಯವರು ಇದ್ದೀರಲ್ಲ, ನೀವೂ ಹಾಕಿ. ತಾರೀಖು ಕಾಣುವ ಹಾಗೆ ತೆಗೆಯಿರಿ, ಆ ದಿನದ ಬ್ಯಾರೆಲ್ ರೇಟು ಅವಳೇ ಹುಡುಕಿಕೊಳ್ಳುತ್ತಾಳೆ. ತಂಗಿ, ನಿಮ್ಮ ಮಗನಿಗೆ 42ರಿಂದ ಭಾಗಿಸಲು ಬರುತ್ತದಾ? ಶುಕ್ರವಾರ ಸಂಜೆ ವಿಡಿಯೋ ಕಾಲ್ ಮಾಡಿ, ಇಬ್ಬರೂ ಸೇರಿ ಲೆಕ್ಕ ಹಾಕಲಿ.